ಎಣ್ಣೆ ಟ್ಯಾಂಕಿಗೆ ಕಡಗೋಲು

ನನಗೆ ತೆಲುಗು ಬರುವುದಿಲ್ಲ. ಬರದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಇವತ್ತಿಗೂ ಜಂಬ ಕೊಚ್ಚಿಕೊಳ್ಳುತ್ತೇನೆ.

ಕೊರಟಗೆರೆ ಕಡೆಯಿಂದ ಮದುವೆಯಾಗಿ ಶಿರಾಕ್ಕೆ ಬಂದವಳು ನಾನು. ನಮ್ಮ ಯಜಮಾನರು ಹುಲಿಕುಂಟೆ ಕಡೆಯವರು, ಊರಾಚೆಯ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಮಿಲ್ಲಿನ ಕಾಂಪೌಂಡಿನೊಳಗೇ ನಮಗೊಂದು ಕೋಣೆ, ಒಂದು ಅಡುಗೆಮನೆ ಕೊಟ್ಟಿದ್ದರು. ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಪೇಟೆಯ ಬೀದಿಗಳಿಗೆ ಕರೆಂಟು ಬಂದಿದ್ದರೂ ಮಿಲ್ಲಿಗೆ ಬಂದಿರಲಿಲ್ಲ. ಎಲ್ಲ ಯಂತ್ರಗಳನ್ನೂ ಒಂದೇ ಒಂದು ಆಯಿಲ್ ಎಂಜಿನ್ ಎಳೆಯುತ್ತಿತ್ತು, ಅದನ್ನು ನೋಡಿಕೊಳ್ಳಲು ಪಾವಗಡದ ಒಬ್ಬ ಡ್ರೈವರ್ ಇದ್ದರು. ಅವರ ಮಾತಿನಲ್ಲಿ ಮುಕ್ಕಾಲು ಪಾಲು ತೆಲುಗು, ಉಳಿದದ್ದು ನಮ್ಮ ಪುಣ್ಯಕ್ಕೆ ಕನ್ನಡ.

ಮಿಲ್ಲಿನ ಹಿಂದೆ ಕಲ್ಲುಕಂಬಗಳ ಮೇಲೆ ಕಬ್ಬಿಣದ ದೊಡ್ಡ ಟ್ಯಾಂಕು ಕೂತಿತ್ತು. ತೆಗೆದ ಎಣ್ಣೆಯೆಲ್ಲ ಅದರೊಳಗೆ. ವರ್ಷ ತುಂಬುವುದರೊಳಗೆ ತಳದಲ್ಲಿ, ಗೋಡೆಯಲ್ಲಿ ಮಡ್ಡಿ ಕಟ್ಟಿಕೊಳ್ಳುತ್ತಿತ್ತು. ಮಡ್ಡಿ ಎಂದರೆ ಎಣ್ಣೆಯ ಗಸಿ. ಹಳೆಯದಾದರೆ ಕಲ್ಲಿನಂತೆ ಗಟ್ಟಿಯಾಗಿ ಕಮಟು ನಾರುತ್ತದೆ. ಅದರ ಮೇಲೆ ಹೊಸ ಎಣ್ಣೆ ಬಿಟ್ಟರೆ ಅದೂ ಕೆಟ್ಟು ಹೋಗುತ್ತದೆ. ಹಾಗಾಗಿ ಪ್ರತಿ ವರ್ಷ ಪಾವಗಡ, ಬಡವನಹಳ್ಳಿ ಕಡೆಯಿಂದ ಹೊಸ ಕಡಲೆಕಾಯಿ ಗಾಡಿಗಳು ಬರುವ ಮೊದಲು ಯಾರಾದರೂ ಮೇಲಿನ ಕಿಂಡಿಯಿಂದ ಒಳಗಿಳಿದು ಅದನ್ನು ಕೆರೆದು, ಸೀಮೆಎಣ್ಣೆ ಬಟ್ಟೆಯಿಂದ ಒರೆಸಬೇಕಿತ್ತು. ಆ ಯಾರಾದರೂ ಎಂದರೆ ನಮ್ಮ ಯಜಮಾನರೇ.

ಹಿಂದಿನ ವರ್ಷ ಇಳಿದವರು ಒಳಗೇ ಬಿದ್ದುಬಿಟ್ಟರು. ಕತ್ತಲೆ, ಸೀಮೆಎಣ್ಣೆಯ ಘಾಟು, ಮಡ್ಡಿಯ ವಾಸನೆ, ಉಸಿರಾಡಲು ಗಾಳಿಯೇ ಇಲ್ಲ. ಸೊಂಟಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಹಮಾಲರು ಮೇಲೆಳೆದು ಹೊಂಗೆಮರದ ಕೆಳಗೆ ಮಲಗಿಸಿದರು. ನಾನು ಓಡಿಹೋಗಿ ಮುಖಕ್ಕೆ ನೀರು ಚಿಮುಕಿಸಿದರೆ, ಕಣ್ಣು ಬಿಟ್ಟು ನನ್ನನ್ನೇ ನೋಡಿ, "ಯಾರವ್ವಾ ನೀನು" ಎಂದರು. ಸಂಜೆಯವರೆಗೂ ನಾನು ಅವರಿಗೆ ಯಾರೋ ಆಗಿದ್ದೆ. ಮಧುಗಿರಿ ಆಸ್ಪತ್ರೆಯ ಡಾಕ್ಟರು, ಇನ್ನೊಂದು ಸಲ ಇಳಿದರೆ ಹೆಣವೇ ಮೇಲೆ ಬರುವುದು ಎಂದು ಮುಲಾಜಿಲ್ಲದೆ ಹೇಳಿದ್ದರು.

ಮಳೆಗಾಲ ಮುಗಿಯುತ್ತಿದ್ದಂತೆ ನಾನು ಜಗಳಕ್ಕೆ ನಿಂತೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬಂದಾಗ ತಲೆ ಓಡುವುದಿಲ್ಲ.

"ಈ ವರ್ಸ ನೀವೇನಾದ್ರೂ ಇಳುದ್ರೆ ಆ ಹಗ್ಗ ಕುಯ್ದಾಕ್ಬುಡ್ತೀನಿ" ಎಂದೆ.

"ಹಗ್ಗ ಕುಯ್ದ್ರೆ ನಾನು ಒಳ್ಗೇ ಉಳ್ಕಂತೀನಿ ಕಣೆ" ಎಂದು ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಾನು ಬುಟ್ರೆ ಇನ್ಯಾರನ್ನ ಇಳುಸ್ಲಿ? ಒಳ್ಗೆ ಹೆಂಗೈತೆ ಅಂತ ಗೊತ್ತಿಲ್ದೋನ್ನ ಇಳ್ಸಿ ಸಾಯ್ಸನಾ?" ಎಂದರು. ಅವರ ಮಾತು ಸರಿಯೇ ಇತ್ತು. ಸರಿಯಾದ ಮಾತು ಕೇಳಿದರೆ ನನಗೆ ಇನ್ನೂ ಕೋಪ ಬರುತ್ತದೆ.

ಒಂದು ಬೆಳಿಗ್ಗೆ ಬಾಗಿಲಲ್ಲಿ ಕೂತು ಮಜ್ಜಿಗೆ ಕಡೆಯುತ್ತಿದ್ದೆ. ಎಂಜಿನ್ ಡ್ರೈವರ್ ಮಜ್ಜಿಗೆಗೆಂದು ಬಂದರು. ನಾನು ಅವರನ್ನೇ ಹಿಡಿದುಕೊಂಡೆ. ಟ್ಯಾಂಕಿಗೆ ಇಳಿಯದೆ ಮಡ್ಡಿ ತೆಗೆಯುವುದಕ್ಕೆ ನಿಮ್ಮ ಕಡೆ ಏನಾದರೂ ದಾರಿ ಇದೆಯೇ ಎಂದು ಕೇಳಿದೆ. ಅವರು ಒಲೆಯ ಮೇಲಿನ ಹಂಡೆಯತ್ತ ಕೈ ತೋರಿಸಿ, "ಲೋಪಲ ದಿಗಕೂಡದಮ್ಮಾ. ವೇಡಿನೀಳ್ಳು ಪೋಸಿ ಕಡಗಾಲ. ಗಟ್ಟಿಗಾ ಕಡಗಾಲ" ಎಂದು ಮಜ್ಜಿಗೆ ಕುಡಿದು ಹೊರಟುಹೋದರು.

ನೀಳ್ಳು ಎಂದರೆ ನೀರು ಎಂಬಷ್ಟು ನನಗೆ ಗೊತ್ತಿತ್ತು. ಹಂಡೆ ತೋರಿಸಿದ್ದರಿಂದ ಬಿಸಿನೀರು. ಇನ್ನು ಗಟ್ಟಿಗಾ ಕಡಗಾಲ. ನನ್ನ ಕೈಯಲ್ಲೇ ಕಡಗೋಲು ಇತ್ತು, ಅದನ್ನು ನೋಡಿದೆ. ಬಿಸಿನೀರು ಹುಯ್ದು ಗಟ್ಟಿಯಾದ ಕಡಗೋಲು ಹಾಕಿ ಕಡೆಯಬೇಕು. ಇಷ್ಟು ಸುಲಭದ ಮಾತು ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಮಜ್ಜಿಗೆಯನ್ನು ಅಲ್ಲೇ ಬಿಟ್ಟು ಮಿಲ್ಲಿಗೆ ಓಡಿದೆ.

ನಾನು ಹೇಳಿದ್ದರೆ ಯಜಮಾನರು ಕೇಳುತ್ತಿರಲಿಲ್ಲ. ಆದರೆ ಹೇಳಿದವರು ಎಂಜಿನ್ ಡ್ರೈವರ್. "ಪಾವಗಡದೋರು ಕಡ್ಲೆಕಾಯ್ ಎಣ್ಣೇಲೇ ಉಟ್ಟಿರೋರು, ಗೊತ್ತಿಲ್ದೆ ಏಳ್ತಾರಾ" ಎಂದು ಗಡ್ಡ ಕೆರೆದುಕೊಂಡರು. ಎರಡು ದಿನದಲ್ಲಿ ಬಡಗಿಯಿಂದ ಆಳೆತ್ತರದ ಜಾಲಿಮರದ ಕಡಗೋಲು ತಯಾರಾಯಿತು. ಕೆಳಗೆ ಅಗಲವಾದ ಹಲ್ಲುಗಳು, ನಡುವೆ ಒಂದು ಸೊಟ್ಟ. ಜಾಲಿ ಎಂದೂ ನೆಟ್ಟಗೆ ಬೆಳೆಯುವುದಿಲ್ಲವಲ್ಲ. ಡ್ರೈವರ್ ಬಂದು ಅದನ್ನು ಸುತ್ತಿ ಸುತ್ತಿ ನೋಡಿ ಎಂಜಿನ್ ಕಡೆಗೆ ಹೋದರು. ಇದು ಶಿರಾದವರ ಪದ್ಧತಿಯಿರಬೇಕು ಎಂದುಕೊಂಡರಂತೆ ಪಾಪ.

ಖಾಲಿ ಟ್ಯಾಂಕಿಗೆ ಬಿಸಿನೀರು ಹುಯ್ದು, ಕಿಂಡಿಯಿಂದ ಕಡಗೋಲು ಇಳಿಸಿ, ಹಗ್ಗ ಸುತ್ತಿ, ಇಬ್ಬರು ಹಮಾಲರು ಟ್ಯಾಂಕಿನ ಮೇಲೆ ನಿಂತು ಎಳೆದಾಡಿದರು. ಕಾಯಿ ಆರಿಸುವ ಹೆಂಗಸರು ಕೆಲಸ ಬಿಟ್ಟು ನೋಡಲು ಬಂದರು. "ಬೆಣ್ಣೆ ಬಂದ್ರೆ ನಮ್ಗೂ ಒಂದುಂಡೆ ಕೊಡವ್ವಾ" ಎಂದು ನನ್ನನ್ನು ರೇಗಿಸಿದರು. ಕೆಳಗಿನ ನಲ್ಲಿ ತಿರುಗಿಸಿದರೆ ಬಂದದ್ದು ತೆಳ್ಳನೆಯ ಟೀಯಂಥ ನೀರು. ಕೋಲು ಇಳಿಬಿಟ್ಟು ನೋಡಿದರೆ ಗೋಡೆಯ ಮಡ್ಡಿ ಹೇಗಿತ್ತೋ ಹಾಗೇ ಇತ್ತು. ನನಗೆ ಅಳು ಬರುವಂತಾಯಿತು, ಆದರೆ ಆ ಹೆಂಗಸರ ಮುಂದೆ ಅಳುವುದುಂಟೇ. "ಕೈಯಲ್ಲಿ ಕಡುದ್ರೆ ಏನಾದೀತು? ಎಂಜಿನ್ನಿಗೆ ಕಟ್ಟಿ" ಎಂದೆ.

ಯಜಮಾನರಿಗೆ ಅಷ್ಟು ಸಾಕಾಯಿತು. ಯಂತ್ರ ಎಂದರೆ ಅವರಿಗೆ ಊಟ ನಿದ್ರೆ ಬೇಡ. ಕಿಂಡಿಯ ಬಾಯಿಗೆ ಕಬ್ಬಿಣದ ಪಟ್ಟಿ ಬಿಗಿದು ಅದರಲ್ಲಿ ಕಡಗೋಲನ್ನು ನಿಲ್ಲಿಸಿದರು, ತಲೆಗೆ ಒಂದು ಚಕ್ರ ಹಾಕಿದರು, ಮಿಲ್ಲಿನಿಂದ ಬೆಲ್ಟು ಎಳೆದು ಕಟ್ಟಿದರು. ಎಂಜಿನ್ ಶುರುವಾಯಿತು. ಕಡಗೋಲು ಗಿರ್ರನೆ ತಿರುಗಿತು, ಒಳಗೆ ನೀರು ಭೋರ್ಗರೆಯಿತು. ನಾನು ಕೈ ತಟ್ಟುವಷ್ಟರಲ್ಲಿ ಲಟಕ್ಕನೆ ಸದ್ದು. ಸೊಟ್ಟ ಇದ್ದ ಕಡೆ ಕಡಗೋಲು ಮುರಿದು ಅರ್ಧ ಒಳಗೆ ಬಿದ್ದಿತು.

ಆದರೆ ಮೇಲಿನ ಮೋಟು ತಿರುಗುತ್ತಲೇ ಇತ್ತು. ಒಂದು ಕಡೆಗೆ ವಾಲಿಕೊಂಡು, ಲಯ ತಪ್ಪಿ ಕುಣಿಯುತ್ತ, ಇಡೀ ಟ್ಯಾಂಕನ್ನು ಗಡಗಡ ನಡುಗಿಸತೊಡಗಿತು. ಹಮಾಲರು ಹಾರಿ ಓಡಿದರು. "ಟ್ಯಾಂಕಿಗೆ ದೇವ್ರು ಬಂದಂಗೈತೆ ಕಣಮ್ಮ" ಎಂದು ಒಬ್ಬಳು ಕೈ ಮುಗಿದಳು. ಯಜಮಾನರು ಎಂಜಿನ್ ನಿಲ್ಲಿಸಿ ಎಂದು ಕೂಗಿಕೊಂಡರು. ಅಷ್ಟರಲ್ಲಿ ಟ್ಯಾಂಕಿನೊಳಗಿಂದ ದೊಪ್ ಎಂದಿತು. ಮತ್ತೊಮ್ಮೆ ದೊಪ್. ನಾನು ಓಡಿಹೋಗಿ ಬೆಚ್ಚಗಿದ್ದ ಕಬ್ಬಿಣಕ್ಕೆ ಕಿವಿ ಹಚ್ಚಿದೆ. ನನ್ನ ಹಲ್ಲುಗಳು ಕಟಕಟ ಹೊಡೆದುಕೊಂಡವು. ಒಳಗೆ ಏನೋ ಸಾಲಾಗಿ ಕಳಚಿ ಬೀಳುತ್ತಿತ್ತು.

"ನಿಲ್ಲುಸ್ಬ್ಯಾಡಿ" ಎಂದು ಕಿರುಚಿದೆ. "ಮಡ್ಡಿ ಬೀಳ್ತಾ ಐತೆ."

ನಲ್ಲಿ ಬಿಚ್ಚಿದರೆ ಕಟ್ಟಿಕೊಂಡಿತ್ತು. ಯಜಮಾನರು ನಲ್ಲಿಯನ್ನೇ ಕಳಚಿದರು. ಮುದ್ದೆ ಮುದ್ದೆಯಾಗಿ, ಹೆಂಚಿನ ಚೂರಿನಂತೆ ಚಕ್ಕೆ ಚಕ್ಕೆಯಾಗಿ ಮಡ್ಡಿ ಹೊರಗೆ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಡ್ರೈವರ್ ನನ್ನ ಹತ್ತಿರ ಬಂದು, "ಕಡಗೋಲು ಯಾರು ಏಳಿದ್ದಮ್ಮಾ ಇದು" ಎಂದರು. ನೀವೇ ಅಲ್ಲವೇ ಎಂದೆ. ಗಟ್ಟಿಗಾ ಕಡಗಾಲ ಎಂದಿರಲ್ಲ ಎಂದು ನೆನಪಿಸಿದೆ. ಅವರು ಹೊಟ್ಟೆ ಹಿಡಿದು ನಗುತ್ತ ಅಲ್ಲೇ ಕೂತುಬಿಟ್ಟರು. ಅವರ ಭಾಷೆಯಲ್ಲಿ ಕಡಗಾಲ ಎಂದರೆ ತೊಳೆಯಬೇಕು ಎಂದರ್ಥವಂತೆ, ಗಟ್ಟಿಗಾ ಎಂದರೆ ಜೋರಾಗಿ. ಒಳಗೆ ಇಳಿಯಬಾರದು, ಬಿಸಿನೀರು ಹಾಕಿ ಜೋರಾಗಿ ತೊಳೆಯಿರಿ ಎಂದಿದ್ದರು, ಅಷ್ಟೆ. ಒಂದು ವಾರ ನನ್ನನ್ನು ಕಂಡವರೆಲ್ಲ "ಏನವ್ವಾ, ಗಟ್ಟಿ ಕಡಗೋಲು" ಎನ್ನುತ್ತಿದ್ದರು. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಯಜಮಾನರು ಮಾತ್ರ ನಗುತ್ತಿರಲಿಲ್ಲ. ಒಳಗೆ ಬಿದ್ದ ಅರ್ಧವನ್ನು ಕಿಂಡಿಯಿಂದಲೇ ಕೊಕ್ಕೆ ಹಾಕಿ ಎತ್ತಿಸಿ, ಮುರಿದ ಮೋಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. "ಕಡ್ದಿದ್ದು ಏನೂ ಮಾಡ್ಲಿಲ್ಲ ಕಣೆ. ಮುರುದ್ಮ್ಯಾಲೆ ಅದು ನೀರ್ಗೆ ತಾಕ್ಲೇ ಇಲ್ಲ. ನಡುಗಿದ್ದಕ್ಕೇ ಬಿದ್ದದ್ದು" ಎಂದರು. ಗೋಡೆಯಲ್ಲಿ ಇನ್ನೂ ಉಳಿದ ಮಡ್ಡಿಗೆ ಕಡಗೋಲಿನ ಗೊಡವೆಯೇ ಬೇಡ, ಹೊರಗಿನಿಂದ ನಡುಗಿಸಿದರೆ ಸಾಕು ಎಂಬುದು ಅವರ ಲೆಕ್ಕ. ಮಾರನೆಯ ದಿನವೇ ಬಸ್ಸು ಹತ್ತಿ ಮಧುಗಿರಿಗೆ ಹೋಗಿ, ಬಸ್ಸು ರಿಪೇರಿ ಮಾಡುವ ಶೆಡ್ಡಿನಿಂದ ಹಳೆಯ ಬೇರಿಂಗುಗಳನ್ನು ತಂದರು. ಟ್ಯಾಂಕಿನ ಪಕ್ಕೆಗೆ ಒಂದು ಮೋಟು ಶಾಫ್ಟು ಕೂರಿಸಿ, ಅದಕ್ಕೆ ಬೇಕೆಂದೇ ಒಂದು ಪಕ್ಕ ಭಾರ ಮಾಡಿದ ಚಕ್ರ ಹಾಕಿದರು. ಬದುಕೆಲ್ಲ ಚಕ್ರಗಳ ಓಲಾಟ ಸರಿಮಾಡಿದ ಮನುಷ್ಯ, ಈಗ ಓಲಾಡಲಿ ಎಂದು ಕಬ್ಬಿಣದ ತುಂಡು ಬಿಗಿಯುತ್ತಿದ್ದರು. ಕಲ್ಲುಕಂಬ ಬಿರಿಯದಿರಲಿ ಎಂದು ಟ್ಯಾಂಕಿನ ಕೆಳಗೆ ಲಾರಿಯ ಹಳೇ ಟಯರಿನ ತುಂಡುಗಳನ್ನು ತುರುಕಿದರು.

ಮಿಲ್ಲಿನ ಮಾಲೀಕರಾದ ಸಾಹೇಬರು ಶಿರಾ ಪೇಟೆಯ ಹಳೆಯ ವ್ಯಾಪಾರಸ್ಥರು, ಸಮಾಧಾನದ ಮನುಷ್ಯ. ತಮ್ಮ ಎಣ್ಣೆಗೆ ಕೆಟ್ಟ ಹೆಸರು ಬರಬಾರದು ಎಂಬುದೊಂದೇ ಅವರ ಚಿಂತೆ. "ಟ್ಯಾಂಕಿ ಫಟ್ ಹೋಗಿಬಿಟ್ರೆ ಹೆಂಗೆ ಬಾಬಾ" ಎಂದು ಎರಡು ಸಲ ಕೇಳಿ, ಟ್ಯಾಂಕು ಬಿರಿದೀತೆಂದು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

ಚಕ್ರಕ್ಕೆ ಬೆಲ್ಟು ಕಟ್ಟಿ ಮೊದಲು ಎಂಜಿನ್ನನ್ನು ನಿಧಾನವಾಗಿ ಓಡಿಸಿದರು. ಟ್ಯಾಂಕು ಸುಮ್ಮನೆ ತೂಗಾಡಿತು, ಒಳಗೆ ಏನೂ ಬೀಳಲಿಲ್ಲ. ಸ್ವಲ್ಪ ಜೋರು ಮಾಡಿದರು. ಇಲ್ಲ. ಇನ್ನೂ ಸ್ವಲ್ಪ. ಇದ್ದಕ್ಕಿದ್ದಂತೆ ತೂಗಾಟ ನಿಂತು ಟ್ಯಾಂಕು ಗುಂಯ್ ಎಂದು ಹಾಡತೊಡಗಿತು. ಕಬ್ಬಿಣದ ಮೇಲಿನ ಧೂಳೆಲ್ಲ ಎದ್ದು ಕುಣಿಯಿತು. ನೆಲ ನನ್ನ ಅಂಗಾಲಿಗೆ ಕಚಗುಳಿಯಿಟ್ಟಿತು. ಒಳಗೆ ಮಡ್ಡಿ ಮಳೆಯ ಹಾಗೆ ಸುರಿಯುವ ಸದ್ದು ಎಲ್ಲರಿಗೂ ಕೇಳಿಸಿತು. "ಇದೇ, ಇದೇ. ಇಲ್ಲೇ ನಿಲ್ಸಪ್ಪಾ" ಎಂದು ಯಜಮಾನರು ಡ್ರೈವರಿಗೆ ಎರಡೂ ಕೈ ಎತ್ತಿ ತೋರಿಸುತ್ತ ಮಕ್ಕಳ ಹಾಗೆ ಕುಪ್ಪಳಿಸಿದರು. ಮದುವೆಯಾದಾಗಿನಿಂದ ನಾನು ಅವರನ್ನು ಅಷ್ಟು ಖುಷಿಯಾಗಿ ನೋಡಿರಲಿಲ್ಲ. ನನಗೂ ಕುಣಿಯಬೇಕೆನಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿಸಿನೀರಿನ ಕೊಡಗಳನ್ನು ಒಂದರ ಹಿಂದೆ ಒಂದು ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಬರುವ ನೀರು ಹುಯ್ದಷ್ಟೇ ತಿಳಿಯಾಗಿತ್ತು.

ಆಗ ಸಾಹೇಬರು ಎದ್ದು ಬಂದರು. "ಅಚ್ಛಾ ಆಯ್ತು. ಒಂದು ದಫಾ ಒಳಗೆ ಉತರ್ ಕೆ ನೋಡ್ಬಿಡಿ. ಎಲ್ಲಾ ಸಾಫ್ ಆಗಿದ್ಯೋ ಇಲ್ವೋ" ಎಂದರು.

ಇಳಿದು ನೋಡಿ ಎಂದು ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನೋಡದೆ ಹೊಸ ಎಣ್ಣೆ ಬಿಡುವುದು ಹೇಗೆ? ಯಜಮಾನರು ಹಗ್ಗ ತೆಗೆದುಕೊಂಡು ಏಣಿ ಹತ್ತಿದರು. ಅಭ್ಯಾಸದ ಬಲ ಅದು. ಇಷ್ಟೆಲ್ಲ ಮಾಡಿ ಕೊನೆಗೆ ಅದೇ ಕಿಂಡಿ. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಏಣಿ ಹತ್ತಿ ಅವರ ಹಿಂದೆ ಮೇಲೆ ಹೋಗಿದ್ದೆ. ಅವರು ಹಗ್ಗ ಬಿಗಿದುಕೊಳ್ಳುತ್ತಿದ್ದರು. ನಾನು ಹೋಗಿ ಕಿಂಡಿಯ ಮೇಲೆ ಅಡ್ಡಲಾಗಿ ಕೂತುಬಿಟ್ಟೆ. ಕೆಳಗೆ ಇಡೀ ಮಿಲ್ಲು ನೋಡುತ್ತಿತ್ತು.

"ಏಳೆ ಮ್ಯಾಕೆ. ಎಲ್ರೂ ನೋಡ್ತಾವ್ರೆ" ಎಂದು ಪಿಸುಗುಟ್ಟಿದರು.

"ನೋಡ್ಲಿ. ನಾನು ಏಳಾಕಿಲ್ಲ."

"ಒಂದ್ ಗಳ್ಗೆ ಇಳ್ದು ಬಂದ್ಬುಡ್ತೀನಿ ಕಣೆ. ಮಡ್ಡಿನೇ ಇಲ್ವಲ್ಲ ಈಗ."

"ಹೋದ್ವರ್ಸ ನನ್ನ ಯಾರು ಅಂತ ಕೇಳುದ್ರಿ. ಇನ್ನೊಂದ್ಸಲ ನನ್ಕೈಲಿ ಅದುನ್ನ ಕೇಳ್ಕಳಾಕಾಗಲ್ಲ."

ಅವರಿಗೆ ಅದು ನೆನಪೇ ಇರಲಿಲ್ಲ. ನಾನೂ ಅಲ್ಲಿಯವರೆಗೆ ಅವರಿಗೆ ಹೇಳಿರಲಿಲ್ಲ. ಕೆಳಗಿನಿಂದ ಡ್ರೈವರ್, "ಅದ್ದಂ ಪೆಟ್ಟಿ ಸೂಡಂಡಿ" ಎಂದು ಕೂಗಿ, ಈ ಸಲ ತಪ್ಪಾಗದಿರಲಿ ಎಂದು ಮುಖ ನೋಡಿಕೊಳ್ಳುವಂತೆ ಅಂಗೈ ಎತ್ತಿ ತೋರಿಸಿದರು. ಕನ್ನಡಿ ಹಿಡಿದು ನೋಡಿ ಎಂದು. ಹೆಂಗಸೊಬ್ಬಳು ನಮ್ಮ ಮನೆಯಿಂದ ಕನ್ನಡಿ ತಂದುಕೊಟ್ಟಳು. ನಾನು ಕಿಂಡಿ ಬಿಟ್ಟು ಪಕ್ಕಕ್ಕೆ ಸರಿದೆ, ಆದರೆ ಸೊಂಟದ ಹಗ್ಗವನ್ನು ಬಿಡಲಿಲ್ಲ. ಯಜಮಾನರು ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗೆ ಬಿಟ್ಟರು.

ಬೆಳಕು ಗೋಡೆಯ ಮೇಲೆ ಓಡಾಡಿತು. ಬರೀ ಕಬ್ಬಿಣ, ಹೊಸದರಂತೆ. ಅವರೂ ಟ್ಯಾಂಕಿನ ಒಳಗನ್ನು ಬೆಳಕಿನಲ್ಲಿ ಕಂಡದ್ದು ಅದೇ ಮೊದಲು. ಒಂದು ಕಡೆ ಬೆಳಕು ನಿಂತಿತು. ಅಲ್ಲಿ, ಆಳಿನ ಎದೆಯೆತ್ತರದಲ್ಲಿ, ಹಿಂದಿನ ವರ್ಷ ಅವರು ಕೆರೆದ ಉಳಿಯ ಅಡ್ಡಡ್ಡ ಗೆರೆಗಳಿದ್ದವು. ಅವುಗಳಲ್ಲಿ ಒಂದು ಗೆರೆ ಅಡ್ಡಕ್ಕೆ ಹೊರಟು, ನಡುವೆಯೇ ಕೆಳಕ್ಕೆ ತಿರುಗಿ, ಸೊಟ್ಟಸೊಟ್ಟಗೆ ಗೋಡೆಯುದ್ದಕ್ಕೂ ಇಳಿದು ತಳದವರೆಗೆ ಹೋಗಿತ್ತು.

ಅವರು ಕನ್ನಡಿಯ ಬೆಳಕನ್ನು ಆ ಗೆರೆಯುದ್ದಕ್ಕೂ ಇಳಿಸಿದರು, ತಾವು ಬಿದ್ದಿದ್ದ ಜಾಗದವರೆಗೆ. ಆಮೇಲೆ ಸೊಂಟದ ಹಗ್ಗವನ್ನು ತಾವೇ ಬಿಚ್ಚಿ ನನ್ನ ಮಡಿಲಿಗೆ ಹಾಕಿ, "ಮುಚ್ಚಳ ತಳ್ಳು ಇತ್ಲಾಗೆ" ಎಂದರು.