ಶಂಕರಪುರದ ಅಲೋಶಿಯಸನ ಎರಡು ಸೀಟಿನ ಕಾರು

ಶಂಕರಪುರದ ಅಲೋಶಿಯಸನಿಗೆ ಒಂದು ರೋಗವಿತ್ತು. ಯಾವ ಮಾತು ತೆಗೆದರೂ ಅದು ಸುತ್ತಿ ಬಳಸಿ ಅವನ ಹಳೆಯ ಕೆಂಪು ಕಾರಿನ ಹತ್ತಿರ ಬಂದು ನಿಲ್ಲುತ್ತಿತ್ತು. ಬಂಗುಡೆಯ ರೇಟು ಕೇಳಿದರೂ ಅಷ್ಟೆ, ಸಾವಿನ ಮನೆಯಲ್ಲಿ ಕುಳಿತಿದ್ದರೂ ಅಷ್ಟೆ. ‘ಆ ಕಾರು ಇರುವಾಗ...’ ಎಂದು ಅವನು ಕಣ್ಣು ಅರೆಮುಚ್ಚಿದನೆಂದರೆ ಎದುರಿಗಿದ್ದವರು ಚಪ್ಪಲಿ ಹುಡುಕತೊಡಗುತ್ತಿದ್ದರು.

ಕಾರು ಇದ್ದದ್ದಂತೂ ಸುಳ್ಳಲ್ಲ. ವರ್ಷಗಟ್ಟಲೆ ಬಹರೈನಿನಲ್ಲಿ ಒಬ್ಬ ಸಾಹುಕಾರನ ಮನೆಯ ಡ್ರೈವರಾಗಿದ್ದು ೧೯೯೯ರಲ್ಲಿ ಅವನು ಊರಿಗೆ ಮರಳಿದ. ಅಲ್ಲಿಯವರೆಗೆ ಹೆಂಡತಿ ಬರ್ತಾ ಅಂಗಳದ ಮಲ್ಲಿಗೆ ಗಿಡಗಳನ್ನೂ ಅತ್ತೆ ಡುಲ್ಸಿನ್‌ಬಾಯಿಯನ್ನೂ ನೋಡಿಕೊಂಡು, ಹೂ ಕಟ್ಟಿ ಮಾರುತ್ತಾ ಮನೆ ನಡೆಸಿದ್ದಳು. ಗಲ್ಫಿನಿಂದ ಬಂದವರು ಒಂದು ಓಮ್ನಿ ತೆಗೆದುಕೊಳ್ಳುವುದು ಊರಿನ ಪದ್ಧತಿ. ಓಮ್ನಿಯಾದರೆ ಮನೆಮಂದಿಯೂ ಹಿಡಿಯುತ್ತಾರೆ, ಹೂವಿನ ಕಟ್ಟುಗಳೂ ಹಿಡಿಯುತ್ತವೆ. ಅಲೋಶಿಯಸ್ ಗೋವಾಕ್ಕೆ ಹೋಗಿ ತಂದದ್ದು ಮೊಣಕಾಲೆತ್ತರದ, ತಲೆಯ ಮೇಲಿನ ಮಾಡು ಬಿಚ್ಚಿಡುವ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು.

ಡುಲ್ಸಿನ್‌ಬಾಯಿ ಅದಕ್ಕೆ ಒಂದು ಸುತ್ತು ಬಂದರು. ‘ಪುತಾ, ಉಳಿದರ್ಧ ಯಾವಾಗ ಬರ್ತದೆ?’ ಎಂದು ಮಗನನ್ನು ಕೇಳಿದರು.

‘ಇಷ್ಟೇ ಮಾಯ್. ಇಷ್ಟು ವರ್ಷ ಬೇರೆಯವರ ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಗಾಡಿ ಬಿಟ್ಟಾಯಿತು. ಇದರಲ್ಲಿ ಹಿಂದೆ ಎಂಬುದೇ ಇಲ್ಲ’ ಎಂದ ಅಲೋಶಿಯಸ್.

ಹಿಂದೆ ಎಂಬುದು ಇಲ್ಲದ ಕಷ್ಟ ಭಾನುವಾರ ಗೊತ್ತಾಯಿತು. ಮೊದಲು ತಾಯಿಯನ್ನು ಇಗರ್ಜಿಗೆ ಬಿಟ್ಟು, ತಿರುಗಿ ಬಂದು ಹೆಂಡತಿಯನ್ನು ಕರೆದೊಯ್ಯುವಷ್ಟರಲ್ಲಿ ಪಾದ್ರಿಗಳ ಪ್ರವಚನ ಅರ್ಧ ಮುಗಿದಿರುತ್ತಿತ್ತು. ‘ತಂದೆ, ಮಗ, ಪವಿತ್ರಾತ್ಮ ಎಂದು ದೇವರು ಮೂವರಿದ್ದರೂ ಒಬ್ಬನೇ ಆಗಿ ಹೊಂದಿಕೊಂಡಿದ್ದಾನೆ, ನಿನ್ನ ಕಾರಿಗೆ ಮಾತ್ರ ಅದು ಆಗುವುದಿಲ್ಲ’ ಎಂದು ಡುಲ್ಸಿನ್‌ಬಾಯಿ ಗೊಣಗುತ್ತಿದ್ದರು.

ಮಲ್ಲಿಗೆಯ ಪ್ರಕರಣವಂತೂ ಊರಿಡೀ ಪ್ರಸಿದ್ಧ. ಕಾಪುವಿನ ಒಂದು ಮದುವೆಮನೆಗೆ ಬರ್ತಾ ಹೂ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟಳು. ಮಲ್ಲಿಗೆಯನ್ನು ಎಲೆಯಿಂದ ಬಿಚ್ಚಬಾರದೆಂದು ಶಂಕರಪುರದ ತೊಟ್ಟಿಲ ಮಗುವಿಗೂ ಗೊತ್ತು. ಅಲೋಶಿಯಸ್ ಅರ್ಧ ದಾರಿಯಲ್ಲಿ ಬಿಚ್ಚಿದ. ಮಾಡಿಲ್ಲದ ಕಾರು, ಮೊಗ್ಗಿನ ಪರಿಮಳ, ನಾಲ್ಕು ಜನ ತಿರುಗಿ ನೋಡಲಿ ಎಂಬ ಆಸೆ. ಮಾಲೆಗಳನ್ನು ಹಿಂಬದಿಯ ಡಿಕ್ಕಿಯ ಮೇಲೆ ಚಂದಕ್ಕೆ ಹರಡಿ ಹೆದ್ದಾರಿಗೆ ಇಳಿದ. ಜನ ತಿರುಗಿ ನೋಡಿದರು. ದಾರಿಯುದ್ದಕ್ಕೂ ಮಲ್ಲಿಗೆ ಬಿದ್ದಿರುವುದನ್ನು ಕಂಡು, ಯಾವುದೋ ದೈವದ ಭಂಡಾರದ ಮೆರವಣಿಗೆ ಹೋಗಿರಬೇಕೆಂದು ಕೆಲವರು ಕೈಯನ್ನೂ ಮುಗಿದರು. ಮದುವೆಮನೆಗೆ ತಲುಪಿದ್ದು ಬರೀ ಬಾಳೆನಾರು. ಬರ್ತಾ ನೆರೆಕರೆಯ ಅಂಗಳಗಳಿಗೆ ಓಡಿ, ಬೇಡಿ ತಂದು, ಮತ್ತೆ ಕಟ್ಟಿ ಬಸ್ಸಿನಲ್ಲಿ ಕಳಿಸಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅಲೋಶಿಯಸನಿಗೆ ಅನಿಸಿತು.

ಐದು ವರ್ಷ ಹಾಗೆ ನಡೆಯಿತು. ಆಮೇಲೆ ಡುಲ್ಸಿನ್‌ಬಾಯಿಯ ಮೊಣಕಾಲು ಮಡಚದಾಯಿತು. ಮಣಿಪಾಲದ ಆಸ್ಪತ್ರೆಗೆ ಹೋಗಲು ಆ ತಗ್ಗು ಸೀಟಿಗೆ ಇಳಿದವರನ್ನು ಮೇಲೆತ್ತಲು ಅಕ್ಕಪಕ್ಕದವರನ್ನು ಕರೆಯಬೇಕಾಯಿತು. ಬೇರೆ ದಾರಿ ಕಾಣದೆ ಅಲೋಶಿಯಸ್ ಕಾರನ್ನು ಕಾರ್ಕಳದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ವಿಠಲನಿಗೆ ಮಾರಿ, ಊರಿನ ಪದ್ಧತಿಗೆ ಶರಣಾಗಿ ಓಮ್ನಿ ತಂದ. ಓಮ್ನಿಯ ಇಂಜಿನು ಇರುವುದೇ ಸೀಟಿನ ಅಡಿಯಲ್ಲಿ. ಒಲೆಯ ಮೇಲೆ ಕೂತ ಹಾಗೆ ಕೂತು, ಬೆವರುತ್ತಾ, ಅವನು ಹಳೆಯ ಕಾರನ್ನು ನೆನೆಯುತ್ತಿದ್ದ. ಹೂ ಕೊಡಲು ಹೋದಲ್ಲೆಲ್ಲ ನಿಂತು ಅದರ ಕಥೆ ಹೇಳುತ್ತಿದ್ದುದರಿಂದ ಹೂ ತಡವಾಗತೊಡಗಿತು. ಕೊನೆಗೆ ಬರ್ತಾ ಉಡುಪಿಗೆ ಹೋಗಿ ಡ್ರೈವಿಂಗ್ ಕಲಿತು, ಲೈಸೆನ್ಸ್ ಮಾಡಿಸಿ, ಹೂವನ್ನು ತಾನೇ ಸಾಗಿಸತೊಡಗಿದಳು.

ಅಲೋಶಿಯಸನ ಕೊರಗು ಒಂದೇ. ಊರೆಲ್ಲ ನಗಲಿ, ಬರ್ತಾ ಒಮ್ಮೆ, ಒಂದೇ ಒಂದು ಸಲ, ‘ಅದು ಒಳ್ಳೆಯ ಕಾರು’ ಎನ್ನಬೇಕು. ಅವಳು ಹೇಳಿದರೆ ಆ ಐದು ವರ್ಷ ದಂಡವಲ್ಲ. ಹೇಳದಿದ್ದರೆ ಅವನು ಊರವರು ಅಂದುಕೊಂಡ ಹಾಗೆ ಪೆದ್ದನೇ. ಅವನು ಎಷ್ಟು ವರ್ಣಿಸಿದರೂ ಅವಳು ಹೂ ಕಟ್ಟುತ್ತಾ ‘ಹೂಂ’ ಎನ್ನುತ್ತಿದ್ದಳು. ಆ ‘ಹೂಂ’ಗೆ ಯಾವ ಅರ್ಥವೂ ಇರುತ್ತಿರಲಿಲ್ಲ.

೨೦೦೮ರಲ್ಲಿ ವಿಠಲನ ಫೋನು ಬಂತು. ಕೊಂಕಣಿ ಕ್ರೈಸ್ತರನ್ನು ಊರವರು ಗೌರವದಿಂದ ಕರೆಯುವಂತೆ ಅವನೂ ಅಲೋಶಿಯಸನನ್ನು ‘ಪೊರ್ಬುಗಳು’ ಎನ್ನುತ್ತಿದ್ದ. ‘ಪೊರ್ಬುಗಳೇ, ನಾಡಿದ್ದು ಗೋವಾದವರು ಬಂದು ನಿಮ್ಮ ಕಾರು ಕೊಂಡುಹೋಗ್ತಾರೆ. ಬೇಕಾದರೆ ಬಂದು ಒಂದು ರೌಂಡು ಹಾಕಿ.’

ಮರುದಿನವೇ ಅಲೋಶಿಯಸ್ ಬರ್ತಾಳನ್ನು ಹೊರಡಿಸಿದ. ಒಳ್ಳೆಯ ಅಂಗಿ ಹಾಕಿದ, ತಲೆಗೂದಲಿಗೆ ಬಣ್ಣವನ್ನೂ ಬಳಿದುಕೊಂಡ. ಗಾಳಿಗೆ ಅವಳ ಕೂದಲು ಹಾರಬೇಕು, ಆಗ ಅವಳ ಬಾಯಿಂದ ಆ ಮಾತು ತಾನಾಗಿ ಬರಬೇಕು ಎಂಬುದು ಅವನ ಲೆಕ್ಕ.

ಕಾರು ಅಂಗಡಿಯ ಮುಂದೆ ತೊಳೆದು ನಿಂತಿತ್ತು. ಅದರ ಗಾತ್ರ ಹಿಂದಿನಷ್ಟೇ ಇತ್ತು, ಅಲೋಶಿಯಸನದು ಹಿಂದಿನಷ್ಟಿರಲಿಲ್ಲ. ಒಂದು ಕಾಲು ಒಳಗಿಟ್ಟು, ಇನ್ನೊಂದನ್ನು ಕೈಯಿಂದಲೇ ಎತ್ತಿ ಒಳಗೆ ಎಳೆದುಕೊಂಡು ಕುಳಿತ. ಕುಳಿತದ್ದೇ ಹಾರ್ನ್ ಹೊಡೆಯಿತು. ಹೊಟ್ಟೆ ಸ್ಟಿಯರಿಂಗಿಗೆ ತಾಗಿತ್ತು. ಉಸಿರು ಬಿಗಿ ಹಿಡಿದರೆ ಹಾರ್ನ್ ನಿಲ್ಲುತ್ತಿತ್ತು, ಬಿಟ್ಟರೆ ಹೊಡೆಯುತ್ತಿತ್ತು. ಅಂಗಡಿಗೆ ಬಂದ ಗಿರಾಕಿಗಳು ದಾರಿ ಬಿಟ್ಟು ನಿಂತರು.

‘ಎಂತ ಪೊರ್ಬುಗಳೇ, ಇಲ್ಲಿಂದಲೇ ಹಾರ್ನಾ?’ ಎಂದ ವಿಠಲ.

‘ಇಳಿಯಿರಿ’ ಎಂದಳು ಬರ್ತಾ. ‘ಆ ಕಡೆ ಕೂತುಕೊಳ್ಳಿ.’

ಇಳಿಯಲು ಇಬ್ಬರು ಕೈ ಕೊಡಬೇಕಾಯಿತು. ಅವನು ಪಕ್ಕದ ಸೀಟಿನಲ್ಲಿ ನೆಲೆಯಾಗುವಷ್ಟರಲ್ಲಿ ಬರ್ತಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಿ ಸರಿಪಡಿಸಿ, ಗಾಡಿ ಹೊರಡಿಸಿಯಾಗಿತ್ತು. ಕಾರ್ಕಳ ಪೇಟೆ ದಾಟಿ ಬೆಳ್ಮಣ್ಣಿನ ದಾರಿ ಹಿಡಿದದ್ದೇ ಆಕ್ಸಿಲರೇಟರ್ ಒತ್ತಿದಳು.

‘ನಿಧಾನ ಮಾರಾಯ್ತಿ, ತಿರುವು ಉಂಟು!’ ಎಂದು ಅಲೋಶಿಯಸ್ ಬಾಗಿಲು ಹಿಡಿದುಕೊಂಡ.

‘ಕಾಣ್ತದೆ.’

ತಿರುವನ್ನು ಅವಳು ಎಷ್ಟು ಹದವಾಗಿ ತೆಗೆದಳೆಂದರೆ ಅವನು ಬಾಗಿಲು ಹಿಡಿದ ಕೈಯನ್ನು ಸಡಿಲಿಸಿದ. ಅವಳ ಮುಖ ನೋಡಿದ. ಮದುವೆಯ ದಿನವೂ ಅವಳು ಅಷ್ಟು ಖುಷಿಯಲ್ಲಿದ್ದದ್ದು ಅವನಿಗೆ ನೆನಪಿಲ್ಲ.

‘ಒಳ್ಳೆಯ ಕಾರು’ ಎಂದಳು ಬರ್ತಾ, ರಸ್ತೆಯಿಂದ ಕಣ್ಣು ತೆಗೆಯದೆ.

ಇಷ್ಟು ವರ್ಷ ಕಾದ ಮಾತು ಬಂದೇ ಬಂತು. ಆದರೆ ಅಲೋಶಿಯಸನಿಗೆ ತಡೆಯಲಾಗಲಿಲ್ಲ. ‘ಇದನ್ನು ಆಗಲೇ ಹೇಳಲಿಕ್ಕೆ ನಿನಗೆ ಎಂತ ಆಗಿತ್ತು?’

‘ನನಗೆ ಹೇಗೆ ಗೊತ್ತಾಗಬೇಕು? ನೀವು ಕಾರು ಬಿಡುತ್ತಿದ್ದಿರಿ, ನಾನು ಹೂವಿನ ಕಟ್ಟು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದೆ’ ಎಂದಳು ಅವಳು. ಸಿಟ್ಟಿರಲಿಲ್ಲ. ‘ಐದು ವರ್ಷದಲ್ಲಿ ಒಂದು ದಿನ, ಬರ್ತಾ, ನೀನೂ ಬಿಟ್ಟು ನೋಡ್ತೀಯಾ ಅಂತ ಕೇಳಿದ್ದೀರಾ?’

ಕೇಳಿರಲಿಲ್ಲ. ಕೇಳಬೇಕೆಂದು ತೋಚಿಯೂ ಇರಲಿಲ್ಲ. ಅಲೋಶಿಯಸನಿಗೆ ನಾಚಿಕೆಯಾಯಿತು, ಹೊಟ್ಟೆ ಹಾರ್ನಿಗೆ ತಾಗಿದಾಗಲೂ ಆಗದಷ್ಟು. ಈ ಕಾರಿನ ಕಥೆಯನ್ನು ಅವನು ಊರಿಗೆಲ್ಲ ಹೇಳಿದ್ದ, ಅದರಲ್ಲಿ ಪಕ್ಕದ ಸೀಟಿನವಳು ಒಮ್ಮೆಯೂ ಬಂದಿರಲಿಲ್ಲ.

ಎದುರಿಗೆ ಅಗಲವಾದ ಜಾಗ ಸಿಕ್ಕಿತು. ಬರ್ತಾ ವೇಗ ತಗ್ಗಿಸಿದಳು. ‘ತಿರುಗಿಸುವುದಾ? ವಿಠಲಣ್ಣ ಕಾಯ್ತಾರೆ.’

‘ಕಾಯಲಿ’ ಎಂದ ಅಲೋಶಿಯಸ್. ‘ಬೆಳ್ಮಣ್ಣಿನ ತನಕ ಹೋಗುವ. ನೀನೇ ಬಿಡು.’