ಬುದ್ಧನನ್ನು ಕುಂದ್ರಿಸಬೇಕಿತ್ತು

ನಮ್ಮ ಕಡೆ ಸಾವಾದ ಮನೆಗೆ ಹೋಗುವುದಕ್ಕೆ ‘ಮಾತಾಡ್ಸಾಕ ಹೋಗೋದು’ ಅನ್ನುತ್ತಾರೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ನನ್ನನ್ನು ಮಾತಾಡಿಸಲು ಬಹಳ ಮಂದಿ ಬಂದರು. ಶಹಾಪುರದ ಬಜಾರದವರು ಬಂದರು, ಅವಳ ತವರಾದ ಸಗರದವರು ಬಂದರು, ಯಾದಗಿರಿಯಿಂದ ನನ್ನ ತಂಗಿಯ ಬೀಗರು ಬಂದರು. ಎಲ್ಲರೂ ಕಂಬಳಿಯ ಮೇಲೆ ಕೂತು, ‘ಮಾತಾಡಬೇಕಪಾ, ಒಳಗ ಇಟ್ಕೋಬಾರದು’ ಎಂದು ಹೇಳಿ, ನಾನು ಬಾಯಿ ತೆರೆಯುವುದರೊಳಗೆ ತಾವೇ ಶುರು ಮಾಡುತ್ತಿದ್ದರು. ತೊಗರಿಗೆ ಬಿದ್ದ ಹುಳ, ತಮ್ಮ ಮೊಣಕಾಲು ನೋವು, ನಮ್ಮ ಓಣಿಯ ನಲ್ಲಿಗೆ ನೀರು ಯಾವ ಹೊತ್ತಿಗೆ ಬರುತ್ತದೆ ಎಂಬ ವಿಚಾರ. ಒಬ್ಬರು ಮಗಳಿಗೆ ಗಂಡು ನೋಡುತ್ತಿರುವ ವೃತ್ತಾಂತವನ್ನು ಪೂರ್ತಿ ಹೇಳಿ ಮುಗಿಸಿ, ನನ್ನ ತೊಡೆ ತಟ್ಟಿ, ‘ಸಮಾಧಾನ ಮಾಡ್ಕೋ’ ಎಂದು ಎದ್ದರು. ಗಂಡು ಸಿಗದ ದುಃಖದಲ್ಲಿ ಅವರ ಕಣ್ಣೇ ಒದ್ದೆಯಾಗಿತ್ತು.

ನಾನು ಮೊದಲೇ ಮಾತು ಕಡಿಮೆಯವನು. ನನ್ನದು ಹಿಟ್ಟಿನ ಗಿರಣಿ. ಪಟ್ಟಾ ತಿರುಗತೊಡಗಿದರೆ ಪಕ್ಕದವರು ಕೂಗಿದ್ದೂ ಕೇಳುವುದಿಲ್ಲ. ಆದ್ದರಿಂದ ನಮ್ಮಲ್ಲಿ ಎಲ್ಲವೂ ಕೈಸನ್ನೆಯಲ್ಲಿ ನಡೆಯುತ್ತದೆ. ಎರಡು ಬೆರಳು ಉಜ್ಜಿ ತೋರಿಸಿದರೆ ಸಣ್ಣಗೆ ಬೀಸಬೇಕು, ಅಂಗೈ ತಟ್ಟಿ ತೋರಿಸಿದರೆ ರೊಟ್ಟಿಯ ಹದಕ್ಕೆ. ನನ್ನ ಹೆಂಡತಿ ಬಂದವರ ಮುಂದೆಲ್ಲ, ‘ನಮ್ಮನಿಯವ್ರಿಗೆ ಮಾತು ಬರ್ತಾವ್ರಿ, ಆದ್ರ ಕರೆಂಟ್ ಹೋದಾಗಷ್ಟ’ ಅನ್ನುತ್ತಿದ್ದಳು.

ಈಗ ಗಿರಣಿ ಬಂದ್ ಆಗಿತ್ತು, ಮನೆಯೂ ಸುಮ್ಮನಾಗಿತ್ತು. ಅವಳ ಬಗ್ಗೆ ಏನಾದರೂ ಒಂದು ಮಾತು ಯಾರಿಗಾದರೂ ಹೇಳಬೇಕು ಎಂದು ನನಗೆ ಬಹಳ ಅನಿಸುತ್ತಿತ್ತು. ಯಾವ ಮಾತು ಎಂದು ಗೊತ್ತಿರಲಿಲ್ಲ. ಅವಳ ತಿಥಿಕಾರ್ಯ ಮುಗಿದು ಗಿರಣಿ ಚಾಲೂ ಆದರೆ ಆಮೇಲೆ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಎಲ್ಲರಿಗಿಂತ ಕೊನೆಗೆ ಸೊಲ್ಲಾಪುರದ ಕಡೆಯಿಂದ ಒಂದು ಕ್ರೂಸರ್ ಗಾಡಿ ಬಂತು. ಅದರಲ್ಲಿ ಇದ್ದವರು ನನ್ನ ಹೆಂಡತಿಯ ದೊಡ್ಡವ್ವ, ಅಂದರೆ ಅವಳ ತಾಯಿಯ ಅಕ್ಕ. ಆ ದೊಡ್ಡವ್ವನ ಅಳಿಯ, ಅಂದರೆ ನನ್ನ ಷಡ್ಡಕ. ಮತ್ತೆ ಹಿಂದಿನ ಸೀಟಿನ ತುಂಬ ಹೆಂಗಸರು. ದೊಡ್ಡವ್ವನಿಗೆ ಗಾಡಿ ಹತ್ತಿದರೆ ವಾಂತಿ. ಅದೇ ಕಾರಣಕ್ಕೆ ಅವಳು ನಮ್ಮ ಮದುವೆಯ ನಂತರ ಒಮ್ಮೆಯೂ ಶಹಾಪುರಕ್ಕೆ ಬಂದಿರಲಿಲ್ಲ. ಬಂದವಳೇ ಅಂಗಳದಲ್ಲಿ ಕೂತು ಮೊದಲು ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ಆಮೇಲೆ ಅತ್ತಳು.

ಷಡ್ಡಕ ಮಾತುಗಾರ. ರಸ್ತೆ ಎಲ್ಲೆಲ್ಲಿ ಕೆಟ್ಟಿದೆ ಎಂದು ಸೊಲ್ಲಾಪುರದಿಂದ ನಮ್ಮ ಬಾಗಿಲವರೆಗೂ ಹೇಳಿದ. ಎಲ್ಲರೂ ಚಹಾ ಕುಡಿದರು. ಇನ್ನು ಏಳಬೇಕು. ಅಲ್ಲಿ ತೊಡಕಾಯಿತು.

ಸಾವಿನ ಮನೆಯಿಂದ ಏಳುವಾಗ ‘ಬರ್ತೀವಿ’ ಅನ್ನಬಾರದು. ಅಂದರೆ ಮತ್ತೆ ಇಂಥದೇ ಕಾರಣಕ್ಕೆ ಬರಬೇಕಾದೀತು ಎಂಬ ಹೆದರಿಕೆ. ಬರೀ ‘ಹೋಗ್ತೀವಿ’ ಅಂದರೆ ಒರಟು. ಸುಮ್ಮನೆ ಎದ್ದು ಹೋಗುವುದು ರೂಢಿ. ಆದರೆ ನನ್ನ ಷಡ್ಡಕನಿಗೆ ಈ ಜನ್ಮದಲ್ಲಿ ಆಗದಿರುವ ಕೆಲಸ ಅದೊಂದೇ, ಸುಮ್ಮನೆ ಏಳುವುದು. ಅವನು ಎದ್ದು ನಿಂತು, ‘ಹಂಗಾದ್ರ ಅಣ್ಣಾರ, ನಾವಿನ್ನ...’ ಎಂದ. ದೊಡ್ಡವ್ವ ಅವನನ್ನು ದುರುಗುಟ್ಟಿ ನೋಡಿದಳು. ಅವನು ಕೂತ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು, ‘ಮತ್ತ ಯಾವಾಗರ...’ ಎಂದ. ‘ಬಾಯಿ ಮುಚ್ಚೋ,’ ಎಂದಳು ದೊಡ್ಡವ್ವ. ಮತ್ತೆ ಕೂತ. ಹಿಂದಿನ ಸೀಟಿನ ಹೆಂಗಸರೂ ಅವನ ಜೊತೆಗೇ ಎದ್ದು ಅವನ ಜೊತೆಗೇ ಕೂರುತ್ತಿದ್ದರು. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

ಕೊನೆಗೆ ಷಡ್ಡಕನಿಗೆ ಉಪಾಯ ಹೊಳೆಯಿತು. ‘ಬುದ್ಧನ್ನ ನೋಡಾಕ ಹೋಗೂಣು,’ ಎಂದ. ‘ಪಾಪ, ಆಕಿ ಫೋನ್ ಮಾಡಿದಾಗೊಮ್ಮೆ ಬರ್ರಿ, ನಮ್ಮೂರ ಬುದ್ಧನ್ನ ತೋರಸ್ತೀನಿ, ಸಾಹೇಬನ ಬಂಗಲೆ ತೋರಸ್ತೀನಿ ಅಂತಿದ್ಲು.’

ಅದು ನಿಜ. ಅವಳಿಗೆ ಊರು ತೋರಿಸುವ ಹುಚ್ಚು. ನಮ್ಮ ಮನೆಗೆ ಬಂದ ನೆಂಟರು ಉಂಡು ಮಲಗುವ ಹಾಗಿರಲಿಲ್ಲ. ‘ಬುದ್ಧನ್ನ ನೋಡದ ಹೋದ್ರ ಉಂಡು ಕೈ ತೊಳೀದ ಹೋದಂಗ’ ಎಂದು ಎಬ್ಬಿಸುತ್ತಿದ್ದಳು. ಒಂದಿಡೀ ದಿನ ಇದ್ದವರಿಗೆ ಸುರಪುರದ ಗುಡ್ಡದ ಮೇಲಿನ ಹಳೆಯ ಇಂಗ್ಲಿಷ್ ಸಾಹೇಬನ ಬಂಗಲೆ, ಎರಡು ದಿನ ಇದ್ದವರಿಗೆ ಯಾದಗಿರಿಯ ಕೋಟೆ. ಮೂರನೆಯ ದಿನ ಯಾರೂ ಉಳಿಯುತ್ತಿರಲಿಲ್ಲ. ನಾನು ನೀರಿನ ಕ್ಯಾನು ಹಿಡಿದು ಹಿಂದೆ ನಡೆಯುತ್ತಿದ್ದೆ.

ಕ್ರೂಸರ್‌ನಲ್ಲಿ ನನ್ನನ್ನೂ ಹತ್ತಿಸಿದರು. ಸೂತಕದವನು ಊರು ನೋಡಲು ಹೋಗಬಹುದೇ ಎಂದು ಒಬ್ಬಾಕೆ ಕೇಳಿದ್ದಕ್ಕೆ ಷಡ್ಡಕ, ‘ಅಣ್ಣಾರು ನೋಡಾಂಗಿಲ್ಲ, ತೋರಸ್ತಾರಷ್ಟ’ ಎಂದು ತೀರ್ಮಾನ ಕೊಟ್ಟ. ದೊಡ್ಡವ್ವ ಮುಂದಿನ ಸೀಟಿನಲ್ಲಿ ಬಾಯಿಗೆ ಲಿಂಬೆಹಣ್ಣು ಒತ್ತಿಕೊಂಡು ಕೂತಳು.

ಮಲಗಿದ ಬುದ್ಧ ಎಲ್ಲ ಕಡೆಯಿಂದಲೂ ಕಾಣುವುದಿಲ್ಲ. ಊರ ಹೊರಗೆ ಹೆದ್ದಾರಿಯಲ್ಲಿ ಸರಿಯಾದ ಜಾಗದಲ್ಲಿ ನಿಂತರೆ ಗುಡ್ಡಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಅಂಗಾತ ಮಲಗಿದ ಒಬ್ಬ ದೊಡ್ಡ ಮನುಷ್ಯನಾಗುತ್ತವೆ. ಹಣೆ, ಮೂಗು, ಗಲ್ಲ, ಎದೆ. ಸ್ವಲ್ಪ ಹಿಂದೆ ಸರಿದರೆ ಮೂಗು ಹೋಗಿ ಹೊಟ್ಟೆಗೆ ಕೂಡುತ್ತದೆ, ಮತ್ತೂ ಸರಿದರೆ ಬರೀ ಕಲ್ಲುಗುಡ್ಡ. ನಾನು ಡ್ರೈವರ್‌ಗೆ ಸನ್ನೆ ಮಾಡಿ ಗಾಡಿ ನಿಲ್ಲಿಸಿದೆ. ಏಳೆಂಟು ಜನ ಬಿಸಿಲಲ್ಲಿ ಸಾಲಾಗಿ ನಿಂತರು. ಹೆಂಗಸರು ತಲೆ ತುಂಬ ಸೆರಗು ಹೊದ್ದಿದ್ದರು, ಷಡ್ಡಕ ಹೆಗಲ ಮೇಲೆ ಬಿಳಿ ಟವೆಲ್ ಹಾಕಿದ್ದ.

‘ಎಲ್ಲದಾನಪಾ?’ ದೊಡ್ಡವ್ವ ಕೇಳಿದಳು.

‘ಅಲ್ನೋಡ್ರಿ ಅತ್ತಿ, ಮೂಗು. ಎಷ್ಟು ಚೂಪದ ನೋಡ್ರಿ.’ ಷಡ್ಡಕ ತೋರಿಸಿದ್ದು ಮೊಬೈಲ್ ಟವರ್.

ನಾನು ದೊಡ್ಡವ್ವನ ಭುಜ ಹಿಡಿದು ಸರಿಯಾಗಿ ತಿರುಗಿಸಿ, ಕೈಸನ್ನೆಯಲ್ಲೇ ಹಣೆಯಿಂದ ಎದೆಯವರೆಗೆ ಗೆರೆ ಎಳೆದು ತೋರಿಸಿದೆ. ಅವಳಿಗೆ ಕಂಡಿತು. ಬಹಳ ಹೊತ್ತು ನೋಡಿದಳು. ಆಮೇಲೆ ಲಿಂಬೆಹಣ್ಣು ಕೆಳಗಿಳಿಸಿ, ಗದರಿಸುವ ದನಿಯಲ್ಲಿ ಅಂದಳು:

‘ಇದೇನಿದು, ಮಲಗಿಸ್ಯಾರ! ಕುಂದ್ರಿಸಬೇಕಿತ್ತಲ್ಲ.’

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿಸಿ, ವಿಭೂತಿ ಹಚ್ಚಿ, ಕೂತಂತೆಯೇ ಮಣ್ಣಿಗೆ ಇಡುತ್ತೇವೆ. ದೊಡ್ಡವ್ವ ತನ್ನ ಆಯುಷ್ಯದಲ್ಲಿ ಅದೆಷ್ಟು ಮಂದಿಯನ್ನು ಮುಂದೆ ನಿಂತು ಕೂರಿಸಿದ್ದಳೋ.

‘ಅತ್ತಿ, ಅಂವ ಸತ್ತಿಲ್ಲ. ಸುಮ್ನ ಮಲಗ್ಯಾನ,’ ಎಂದ ಷಡ್ಡಕ.

‘ಇಷ್ಟು ವರ್ಷ ಯಾರೋ ಮಲಗ್ತಾರ, ಶಾಣ್ಯಾ?’

‘ಮತ್ತ ಅಂವ ನಮ್ಮ ಪೈಕಿನೂ ಅಲ್ರಿ.’

‘ಯಾರ ಪೈಕಿ ಆದ್ರೇನು? ಮಗಳ ಊರಾಗ ಅದಾನಲ್ಲ. ನಾಕು ಮಂದಿ ಸೇರಿ ಎಬ್ಬಿಸಿ ಕುಂದ್ರಿಸಿದ್ರ ಆಗ್ತಿದ್ದಿಲ್ಲೇನು?’

ಇದನ್ನು ಕೇಳಿಸಿಕೊಂಡು ಒಬ್ಬ ಮೋಟರ್ ಸೈಕಲ್‌ನವನು ನಿಂತ. ಸೆರಗು ಹೊದ್ದ ಹೆಂಗಸರನ್ನು ನೋಡಿ ಟೋಪಿ ತೆಗೆದು, ಮೆಲ್ಲಗೆ, ‘ಯಾರ್ರಿ ಹೋದವ್ರು?’ ಎಂದು ಕೇಳಿದ.

‘ನಮ್ಮ ತಂಗಿ ಮಗಳಪಾ,’ ಎಂದಳು ದೊಡ್ಡವ್ವ.

‘ಯಾವಾಗ್ರಿ?’

‘ಹ್ವಾದ ವಾರ.’

ಅವನು ಗಾಬರಿಯಿಂದ ರಸ್ತೆಯ ಬದಿಯ ಹೊಲವನ್ನೆಲ್ಲ ನೋಡಿದ. ‘ಮತ್ತ ಇನ್ನೂ ಮಲಗಿಸೀರಿ ಅಂತ ಅನ್ನಾಕತ್ತಿದ್ರಿ?’

‘ಆಕಿನ್ನ ಅಲ್ಲೋ ಮಾರಾಯ, ಬುದ್ಧನ್ನ,’ ಎಂದ ಷಡ್ಡಕ.

‘ಬುದ್ಧ ಹ್ವಾದ ವಾರ ತೀರಿಕೊಂಡ್ನೇನ್ರಿ?’

ಅಷ್ಟರಲ್ಲಿ ಸುರಪುರದ ಕಡೆಯಿಂದ ಬಂದ ಕೆಂಪು ಬಸ್ಸು ನಮ್ಮನ್ನು ನೋಡಿ ನಿಧಾನ ಮಾಡಿತು. ಏನೋ ಆಗಿದೆ ಎಂದುಕೊಂಡು ಡ್ರೈವರ್ ನಿಲ್ಲಿಸಿಯೇ ಬಿಟ್ಟ. ಕಿಟಕಿಗಳಿಂದ ತಲೆಗಳು ಹೊರಬಂದವು. ನಾವೆಲ್ಲ ಯಾವ ಕಡೆ ನೋಡುತ್ತಿದ್ದೇವೋ ಆ ಕಡೆಗೆ ಕೆಲವರು ಕೈಮುಗಿದರು. ಕಾಲು ಬಿಡಿಸಿಕೊಳ್ಳಲು ಕಾಯುತ್ತಿದ್ದವರು ಇಳಿದೇ ಬಂದರು. ಮೋಟರ್ ಸೈಕಲ್‌ನವನು ಅವರಿಗೆ ತನಗೆ ತಿಳಿದಷ್ಟು ವಿವರಿಸತೊಡಗಿದ. ಅವನಿಗೆ ಏನು ತಿಳಿದಿತ್ತೋ ಶಿವನೇ ಬಲ್ಲ. ಒಬ್ಬ ಮುದುಕ ಮಾತ್ರ ‘ಛೇ, ಛೇ’ ಎನ್ನುತ್ತಾ ಟವೆಲಿನಿಂದ ಕಣ್ಣು ಒರೆಸಿಕೊಂಡ.

ಇಳಿದು ಬಂದ ಹೆಂಗಸೊಬ್ಬಳು, ಕಂಕುಳಲ್ಲಿ ಬದನೆಕಾಯಿ ಚೀಲ ಹಿಡಿದವಳು, ಗುಡ್ಡ ನೋಡಿ ಕೇಳಿದಳು: ‘ಎಲ್ಲಾ ಬಿಟ್ಟು ಇಂವ ನಮ್ಮ ಶಹಾಪುರಕ್ಕs ಬಂದು ಯಾಕ ಮಲಗ್ಯಾನ್ರಿ?’

ಷಡ್ಡಕನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿಲ್ಲದ ಸಂಗತಿಯೂ ಇದೆ ಎಂದು ಅವನ ಮನೆಯವರಿಗೆ ಅಂದೇ ತಿಳಿದಿರಬೇಕು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ನಮ್ಮ ಗಾಡಿಯವರಲ್ಲಿ ಊರವನು ನಾನೊಬ್ಬನೇ.

‘ಬಿಸಲಿಗೆ,’ ಎಂದೆ.

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಮುಂದಿನದು ತಾನಾಗಿಯೇ ಬಂತು. ಬುದ್ಧ ಬಡಗಣದಿಂದ ಊರೂರು ನಡೆದು ಬಂದ, ಎಲ್ಲೂ ದಣಿಯಲಿಲ್ಲ, ಶಹಾಪುರಕ್ಕೆ ಬರುವ ಹೊತ್ತಿಗೆ ಬ್ಯಾಸಗಿ ಮಧ್ಯಾಹ್ನ. ಜರಾ ಹೊತ್ತು ಅಡ್ಡಾಗಿ, ಬಿಸಿಲು ಇಳಿದ ಮೇಲೆ ಹೋಗ್ತೀನಿ ಅಂದ. ನಮ್ಮೂರ ಬಿಸಿಲು ಇನ್ನೂ ಇಳಿದಿಲ್ಲ. ‘ಬುದ್ಧಗs ತಡಕೊಳ್ಳಾಕ ಆಗಿಲ್ಲ ಅಂದಮ್ಯಾಗ ನಾವ್ಯಾವ ಲೆಕ್ಕ?’

ಬಸ್ಸಿನವರು ನಕ್ಕರು. ಬದನೆಕಾಯಿ ಚೀಲದವಳು ಎಲ್ಲರಿಗಿಂತ ಜೋರಾಗಿ ನಕ್ಕು, ‘ಯಾವ ಪುರಾಣದಾಗ ಐತ್ರಿ ಇದು?’ ಎಂದಳು.

‘ನನ್ನ ಹೆಂಡ್ತಿ ಹೇಳ್ತಿದ್ಲು.’

‘ಭಾಳ ಶಾಣ್ಯಾಕಿ ಬಿಡ್ರಿ. ಎಲ್ಲದಾಳ?’ ಅವಳು ಸೆರಗು ಹೊದ್ದವರಲ್ಲಿ ಯಾರಿರಬಹುದು ಎಂದು ಹುಡುಕಿದಳು.

‘ಆಕಿನ್ನ ಕುಂದ್ರಿಸಿ ಬಂದೀವಿ,’ ಎಂದೆ.

ಅವಳಿಗೆ ತಿಳಿಯಿತು. ಚೀಲವನ್ನು ಕೆಳಗಿಟ್ಟಳು. ನಾನು ನಿಲ್ಲಿಸಬೇಕಿತ್ತು, ಆದರೆ ಗಿರಣಿಯ ಪಟ್ಟಾ ಹಾಗೆ, ಸ್ವಿಚ್ ಆರಿಸಿದ ಮೇಲೂ ಒಂದಷ್ಟು ಹೊತ್ತು ತಿರುಗುತ್ತದೆ. ನನ್ನ ಹೆಂಡತಿ ಕುಂತವಳೇ ಅಲ್ಲ, ಎಂದೆ. ಉಣ್ಣುವಾಗಲೂ ಒಂದು ಕಾಲು ಹೊಸ್ತಿಲಾಚೆ. ಮಣ್ಣಿಗೆ ಇಡುವ ದಿನ ಕಾಲು ಮಡಿಸಿ ಕುಂದ್ರಿಸಿದಾಗ ನನಗೆ ಅನಿಸಿದ್ದು ಒಂದೇ: ಈಗ ಎದ್ದುಬಿಡುತ್ತಾಳೆ, ಇಷ್ಟು ಮಂದಿ ಬಂದಿದ್ದಾರೆ, ಎಲ್ಲರನ್ನೂ ಗುಡ್ಡಕ್ಕೆ ಕರೆದುಕೊಂಡು ಹೊರಡುತ್ತಾಳೆ, ನಾನು ನೀರಿನ ಕ್ಯಾನು ತಂದಿಲ್ಲವಲ್ಲ. ಯಾದಗಿರಿ ಕೋಟೆಯ ತೋಪಿನ ಬಗ್ಗೆ ಅವಳು ಹೇಳುತ್ತಿದ್ದುದನ್ನೂ ಹೇಳಿದೆ: ವೈರಿಗಳು ಬಂದಾಗ ತೋಪು ಹಾರಿಸುವವನು ಊಟಕ್ಕೆ ಹೋಗಿದ್ದ, ವೈರಿಗಳೂ ನಮ್ಮ ಕಡೆಯವರೇ, ಅವನು ಕೈ ತೊಳೆದು ಬರುವವರೆಗೆ ಕೆಳಗೆ ಕಾದು ನಿಂತಿದ್ದರು.

ಕಂಡಕ್ಟರ್ ಸೀಟಿ ಊದಿದ. ಮುದುಕ ಅವನಿಗೆ, ‘ಏ, ತಡಿಯೋ, ಮುಗೀಲಿ’ ಎಂದ. ಕೊನೆಗೆ ಬಸ್ಸು ಹೊರಟಿತು. ಮೋಟರ್ ಸೈಕಲ್‌ನವನು ಹೋಗುವಾಗ ನನ್ನ ಕೈ ಹಿಡಿದು, ಬುದ್ಧ ತೀರಿಕೊಂಡದ್ದಕ್ಕೋ ನನ್ನ ಹೆಂಡತಿಗೋ ಗೊತ್ತಾಗದ ಹಾಗೆ, ‘ಕೆಟ್ಟದಾತ್ರಿ’ ಎಂದ.

ಸೊಲ್ಲಾಪುರದ ದಾರಿ ಬೇರೆ ಕಡೆಗಿತ್ತು. ಆದರೆ ದೊಡ್ಡವ್ವ ಗಾಡಿ ಹತ್ತಿ, ‘ಸಾಹೇಬನ ಬಂಗಲೆ ಎಲ್ಲೈತಿ?’ ಎಂದಳು. ಷಡ್ಡಕ ಹೊತ್ತಾಗುತ್ತದೆ ಎಂದ. ‘ಆಗಲಿ,’ ಎಂದಳು. ಸುರಪುರದ ಘಾಟಿಯ ತಿರುವಿನಲ್ಲಿ ಅವಳು ಮತ್ತೆ ವಾಂತಿ ಮಾಡಿದಳು. ನಾನು ಬೆನ್ನು ನೀವುತ್ತಾ ಸಾಹೇಬನ ಕಥೆ ಹೇಳಿದೆ: ಅವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಗಾಳಿಗೆಂದು ಒಂದು ಕಿಟಕಿ ಇಡಿಸಿದ, ಬರಲಿಲ್ಲ, ಇನ್ನೊಂದು ಇಡಿಸಿದ, ಕೊನೆಗೆ ಮನೆ ತುಂಬ ಕಿಟಕಿಯೇ ಆಗಿ ಮಂಚ ಹಾಕಲು ಗೋಡೆ ಉಳಿಯಲಿಲ್ಲ. ದೊಡ್ಡವ್ವ ವಾಂತಿಯ ನಡುವೆಯೇ ನಕ್ಕಳು. ಅದರಿಂದ ಇನ್ನಷ್ಟು ತ್ರಾಸವಾಯಿತು.

ಮೇಲೆ ಬಂಗಲೆಯ ನೆರಳಿನಲ್ಲಿ ಎಲ್ಲರೂ ಕಾಲು ಚಾಚಿ ಕೂತೆವು. ಕೆಳಗೆ ಗುಡ್ಡದ ಸಂದುಗಳಲ್ಲಿ ಮೆಟ್ಟಿಲಿನಂತೆ ಸುರಪುರದ ಮನೆಗಳು, ಮಾಳಿಗೆಗಳ ಮೇಲೆ ಒಣಗಲು ಹಾಕಿದ ಬಟ್ಟೆ. ದೊಡ್ಡವ್ವ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ಮಲಗಿದಳು ಎಂದುಕೊಂಡೆ.

‘ಇವೆಲ್ಲಾ ಆಕಿನೇ ಹೇಳ್ತಿದ್ಲಾ, ಖರೇನ?’ ಎಂದಳು ಕಣ್ಣು ತೆರೆಯದೆ.

‘ಹೌದ್ರಿ ದೊಡ್ಡವ್ವ.’

‘ನಮ್ಮನಿಯಾಗ ಇದ್ದಾಗ ಬಾಯಿ ಬಿಡ್ತಿದ್ದಿಲ್ಲ ನೋಡು. ಸಣ್ಣಾಕಿದ್ದಾಗ ಎರಡು ವರ್ಷ ನನ್ನ ಹಂತ್ಯಾಕs ಇದ್ಲು. ಹಸಿವಾದ್ರೂ ಹೇಳ್ತಿದ್ದಿಲ್ಲ, ಒಲಿ ಮುಂದ ಬಂದು ನಿಂದರ್ತಿದ್ಲು. ಮೂಕಿ ಅಂತ ತಿಳ್ಕೊಂಡಿದ್ರು ಓಣ್ಯಾಗ. ನಿನಗ ಕೊಡೂವಾಗ ನಾನs ಅಂದಿದ್ದೆ, ಇಬ್ರೂ ಸುಮ್ನಿರಾವ್ರು, ಸಂಸಾರ ಹ್ಯಾಂಗ ನಡೀತದ ಅಂತ.’

ನಾನು ಅವಳ ಮುಖವನ್ನೇ ನೋಡಿದೆ. ಇಷ್ಟು ವರ್ಷ ನಾನು ಕಂಡ ನನ್ನ ಹೆಂಡತಿ ಕರೆಂಟ್ ಇದ್ದಾಗಲೂ, ಪಟ್ಟಾ ತಿರುಗುವಾಗಲೂ ನನ್ನ ಕಿವಿಯ ಹತ್ತಿರ ಬಂದು ಕೂಗಿ ಕೂಗಿ ಹೇಳುವವಳು. ಒಲೆಯ ಮುಂದೆ ಬಂದು ಸುಮ್ಮನೆ ನಿಲ್ಲುತ್ತಿದ್ದ ಹುಡುಗಿಯನ್ನು ನಾನು ನೋಡಿರಲಿಲ್ಲ. ಒಬ್ಬರು ಮಾತಾಡದಿದ್ದರೆ ನಡೆಯುವುದಿಲ್ಲ ಎಂದು ಅವಳು ಯಾವ ದಿನ ತೀರ್ಮಾನಿಸಿದಳೋ ಗೊತ್ತಿಲ್ಲ.

ಷಡ್ಡಕ ಎದ್ದು ಪ್ಯಾಂಟಿನ ಧೂಳು ಕೊಡವಿದ. ಹೆಂಗಸರೂ ಎದ್ದರು. ನಾನು ಏಳಲಿಲ್ಲ.

‘ನಿಂದರ್ತಿದ್ಲು ಅಂದ್ರಲ್ಲ,’ ಎಂದು ಕೇಳಿದೆ, ‘ಆಮ್ಯಾಲ? ನೀವು ಏನು ಕೊಡ್ತಿದ್ರಿ?’

‘ಸಜ್ಜಿ ರೊಟ್ಟಿ,’ ಎಂದಳು ದೊಡ್ಡವ್ವ. ‘ಅಂಚಿಗೆ ಸುಟ್ಟದ್ದು ಬೇಕು. ಸುಟ್ಟಿಲ್ಲಂದ್ರ ಮುಟ್ತಿದ್ದಿಲ್ಲ.’ ಅವಳು ಕಣ್ಣು ತೆರೆದು, ನನ್ನ ಕಡೆ ಸ್ವಲ್ಪ ಸರಿದು ಕೂತಳು.