ಮೂರನೇ ತಂತಿ

ನಮ್ಮೂರು ಹ್ರುಷ್ಕೊವೆಯ ಯೊಲಾನಾ ಬಾಸು ನುಡಿಸೋಕೆ ಕಲಿತದ್ದು ಐವತ್ತು ದಾಟಿದ ಮೇಲೆ, ಅದೂ ಗಂಡ ತೀರಿಕೊಂಡ ಮೇಲೆ. ಅಲ್ಲಿವರೆಗೆ ಆ ವಾದ್ಯಕ್ಕೂ ಅವಳಿಗೂ ಇದ್ದ ಸಂಬಂಧ ಧೂಳು ಒರೆಸೋದು, ಅಷ್ಟೇ.

ಗಂಡ ಗೇಜಾ ಊರ ಮೇಳದ ಬಾಸಿನವನು. ಬಾಸು ಅಂದರೆ ಆಳೆತ್ತರದ ಪಿಟೀಲು ಅಂದುಕೊಳ್ಳಿ. ನೆಲದ ಮೇಲೆ ನಿಲ್ಲಿಸಿ, ಹೆಗಲ ಮೇಲೆ ಕೈ ಹಾಕಿ ಯಾರನ್ನೋ ಸಮಾಧಾನ ಮಾಡುವ ಹಾಗೆ ಹಿಡಿದುಕೊಂಡು, ಮೋಟು ಕಮಾನಿನಲ್ಲಿ ಉಜ್ಜಬೇಕು. ಮೂರು ತಂತಿ, ಮೂರೂ ಕುರಿಯ ಕರುಳಿನವು. ಅದರ ಸ್ವರ ಕಿವಿಗೆ ಬರೋದು ಆಮೇಲೆ, ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಪಿಟೀಲು ಹಾಡಲಿ, ಅಳಲಿ, ಏನು ಬೇಕಾದರೂ ಮಾಡಲಿ, ಕುಣಿಯುವವರು ಕಾಲಿಡುವುದು ಬಾಸಿನ ಮೇಲೆ. ಗೇಜಾ 'ದುಂ' ಅಂದರೆ, ಪಕ್ಕದಲ್ಲಿ ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ಹಿಡಿದ ಅಂದ್ರೇಯ್ ಮಾಮ ಆ ಖಾಲಿ ಜಾಗದಲ್ಲಿ 'ಚಕ' ಅನ್ನುತ್ತಿದ್ದ. ದುಂ-ಚಕ, ದುಂ-ಚಕ. ಇದು ಶುರುವಾದರೆ ನಮ್ಮೂರಲ್ಲಿ ಮಂಡಿನೋವಿನ ಮುದುಕಿಯರೂ ಕೂತಲ್ಲಿ ಕೂರುತ್ತಿರಲಿಲ್ಲ.

ಗೇಜಾ ಹೋದದ್ದು ಸೇಬು ಕೀಳುವ ಕಾಲದಲ್ಲಿ. ಮಣ್ಣು ಮಾಡಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಅವನ ಅಣ್ಣ ಕೊಲೊಮಾನ್ ಮನೆಗೆ ಬಂದ. ಮೇಳದಲ್ಲಿ ಮೊದಲ ಪಿಟೀಲು ಅವನದೇ, ಯಜಮಾನಿಕೆಯೂ ಅವನದೇ.

"ಬಾಸು ತಗೊಂಡ್ ಹೋಗ್ತೀನಿ ಯೊಲಾನಾ. ಸುಮ್ನೆ ಜಾಗ ತಿನ್ನುತ್ತೆ."

"ಜಾಗಕ್ಕೇನು ಕಮ್ಮಿ ಇಲ್ಲ ಭಾವ. ಈಗಂತೂ ತುಂಬ ಇದೆ."

"ಜಾಗ ಇದ್ರಾಯ್ತಾ, ನುಡಿಸೋರ್ ಬೇಡ್ವಾ?"

"ನಾನು ನುಡಿಸ್ತೀನಿ."

ಕೊಲೊಮಾನ್ ನಕ್ಕ. "ಅದೇನು ಹಿಟ್ಟು ನಾದೋ ಹಲಗೆ ಅಂದ್ಕೊಂಡ್ಯಾ?"

"ಹಿಟ್ಟು ನಾದೋ ಕೈಯೇ ಬೇಕು ಅದಕ್ಕೆ. ನಿಮ್ಮ ತಮ್ಮನ ಕೈ ನೀವು ನೋಡಿರ್ಲಿಲ್ವಾ?"

ಅವನು ಒಂದು ಲೋಟ ಪ್ಲಮ್ ಸಾರಾಯಿ ಕುಡಿದು ಮುಗಿಸುವವರೆಗೆ ಯೋಚಿಸಿದ. ಕೊನೆಗೆ ಅಂದ: "ಈಸ್ಟರ್ ಸೋಮವಾರದ ಕುಣಿತಕ್ಕೆ ಬಾ. ಒಂದ್ ಸಲ ನುಡಿಸು. ನಿಭಾಯಿಸಿದ್ರೆ ಗೇಜಾನ ಜಾಗ ನಿಂದು. ಇಲ್ಲಾಂದ್ರೆ ನಮ್ಮ ಅಳಿಯ ಪಾಟ್ರಿಕ್ ಇದಾನೆ, ಬಾಸ್ ಗಿಟಾರ್ ಇಟ್ಕೊಂಡು ಕಾಯ್ತಾ ಕೂತಿದಾನೆ."

ಗೇಜಾನ ಜಾಗ. ಯೊಲಾನಾಗೆ ಬೇಕಾಗಿದ್ದದ್ದು ಅದೊಂದೇ. ಮದುವೆಯಾದಾಗಿನಿಂದ ಅವಳು ಕುಣಿತಗಳಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೈಯಲ್ಲಿ ತಟ್ಟೆ ಹಿಡಿದು, ವೇದಿಕೆಯ ಎಡಗಡೆಯ ಆ ಮೂಲೆ ನೋಡುತ್ತಿದ್ದಳು. ಗಂಡನನ್ನು ನೋಡುತ್ತಿದ್ದಳು ಅಂತ ಊರವರು ಅಂದುಕೊಂಡಿದ್ದರು. ಅವಳು ನೋಡುತ್ತಿದ್ದದ್ದು ಅವನ ಎಡಗೈಯನ್ನು.

ಚಳಿಗಾಲವಿಡೀ ಕಲಿತಳು. ಮಧ್ಯಾಹ್ನ ಅಂದ್ರೇಯ್ ಮಾಮ ವಿಯೋಲಾ ಬಗಲಲ್ಲಿಟ್ಟುಕೊಂಡು ಬರುತ್ತಿದ್ದ. ಬಾಸಿನ ಕತ್ತಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕೊಟ್ಟ. ಅವಳ ಬೆರಳುಗಳಲ್ಲಿ ಬೊಬ್ಬೆ ಎದ್ದವು, ಒಡೆದವು, ಆಮೇಲೆ ಚರ್ಮ ಗೊರಸಿನ ಹಾಗಾಯಿತು. ಗೇಜಾನದು ಕರಡಿ ಕೈ, ಅವನು ತಂತಿಗಳನ್ನು ಎತ್ತರಕ್ಕೆ ಇಟ್ಟುಕೊಂಡಿದ್ದ. ಯೊಲಾನಾ ತಂತಿ ಹೊತ್ತ ಮರದ ಕುದುರೆಯನ್ನು ಅವನದೇ ಅರದಿಂದ ಉಜ್ಜಿ ತಗ್ಗಿಸಿದಳು. ಉಜ್ಜುವಾಗ ಮೂಗು ಸೋರುತ್ತಿತ್ತು. ಮರದ ಪುಡಿಯಿಂದ, ಅಂದಳು.

"ಒತ್ತಬೇಡ ಕಣಮ್ಮ, ಭಾರ ಬಿಡು," ಅನ್ನುತ್ತಿದ್ದ ಮಾಮ. "ಕಮಾನು ತಾನೇ ಎಳ್ಕೊಳ್ಳುತ್ತೆ. ಹಸು ಹಾಲು ಕರಿಯೋವಾಗ ಜಗ್ತೀಯಾ?"

"ನಮ್ಮ ಹಸು ನೀವು ನೋಡಿಲ್ಲ ಮಾಮ."

ಇನ್ನು ಸದ್ದಿನ ಸಮಸ್ಯೆ. ಊರಿನ ಹೊಸ ಸಭಾಭವನದ ಚಾವಣಿ ಎಷ್ಟು ಎತ್ತರ ಅಂದರೆ, ಕೊನೆಕೊನೆಗೆ ಗೇಜಾನ ಬಾಸೇ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಯೊಲಾನಾ ಅವನ ಮೋಟಾರ್‌ಸೈಕಲ್ ಕೊಟ್ಟು ಒಂದು ಆಂಪ್ಲಿಫೈಯರ್ ತಂದಳು. ತಂತಿಯ ಸ್ವರ ಹಿಡಿಯುವ, ಅಂಗಿಯ ಗುಂಡಿಯಷ್ಟು ಚಿಕ್ಕ ಪಿಕಪ್ಪನ್ನು ಕುದುರೆಯ ಕಾಲಿನ ಕೆಳಗೆ ಸಿಕ್ಕಿಸಿ ವೈರು ಎಳೆದಳು. ಮೊದಲ ಸಲ ಸ್ವಿಚ್ಚು ಒತ್ತಿದಾಗ ಅದು ಎಂಥ ಊಳಿಟ್ಟಿತು ಅಂದರೆ, ಪಕ್ಕದ ಮನೆಯ ನಾಯಿ ಉತ್ತರ ಕೊಟ್ಟಿತು. ಬಾಸಿನ ಸ್ವರ ಸ್ಪೀಕರಿಗೆ, ಸ್ಪೀಕರಿನದು ತಿರುಗಿ ಬಾಸಿನ ಹೊಟ್ಟೆಗೆ, ಹೀಗೆ ಸುತ್ತುತ್ತಿತ್ತು. ಸ್ಪೀಕರನ್ನು ಆ ಕಡೆ ತಿರುಗಿಸಿ ನೋಡಿದರು, ಕುರ್ಚಿಯ ಮೇಲಿಟ್ಟು ನೋಡಿದರು. ಕೊನೆಗೆ ಅಂದ್ರೇಯ್ ಮಾಮ ಹೊಟ್ಟೆಯ ಮೇಲಿರುವ ಎರಡು ಸೀಳುಗಳನ್ನು ತೋರಿಸಿ, "ಇದರ ಬಾಯಿಗೆ ಏನಾದ್ರೂ ತುರುಕು," ಅಂದ. ಅವಳು ಗೇಜಾನ ಉಣ್ಣೆಯ ಕಾಲುಚೀಲಗಳನ್ನು ತುರುಕಿದಳು. ಊಳು ನಿಂತಿತು. ಆಮೇಲೆ ಬಂದ ಸ್ವರಕ್ಕೆ ಬೀರುವಿನೊಳಗಿನ ಗಾಜಿನ ಲೋಟಗಳು ಮೆಲ್ಲಗೆ ನಡುಗಿದವು. ಮುದುಕ ವಿಯೋಲಾ ಎತ್ತಿಕೊಂಡು ಚಕ ಅಂದ, ಅವಳು ದುಂ ಅಂದಳು. ಇಬ್ಬರೂ ಸ್ಟವ್ ಮೇಲಿನ ಸಾರು ಸೀಯುವವರೆಗೆ ನುಡಿಸಿದರು.

ಈಸ್ಟರಿಗೆ ಮುಂಚಿನ ಉಪವಾಸ ಬುಧವಾರ ಶುರುವಾಗುತ್ತದೆ, ಅದರ ಹಿಂದಿನ ಸಂಜೆ ನಮ್ಮಲ್ಲಿ ಬಾಸನ್ನು ಹೂಳುತ್ತಾರೆ. ಅಂದರೆ ಹೂಳುವ ನಾಟಕ. ಅಂದಿನಿಂದ ಈಸ್ಟರ್‌ವರೆಗೆ ಊರಲ್ಲಿ ಹಾಡು ಕುಣಿತ ಏನೂ ಇಲ್ಲವಲ್ಲ, ಅದಕ್ಕೆ. ಬಾಸನ್ನು ಮೇಜಿನ ಮೇಲೆ ಮಲಗಿಸಿ ಬಿಳಿ ಹೊದಿಕೆ ಹೊದೆಸುತ್ತಾರೆ. ಬೇಕರಿಯ ಮತೂಶ್ ಹೆಂಡತಿಯ ಲಂಗ ಉಟ್ಟು, ಕಿಟಕಿ ಪರದೆ ಹೊದ್ದು ಪಾದ್ರಿಯಾಗುತ್ತಾನೆ. ಪಾಯಿಖಾನೆ ಬ್ರಷ್ಷಿನಲ್ಲಿ ತೀರ್ಥ ಚಿಮುಕಿಸುತ್ತಾನೆ. ಮೀಸೆ ಗಂಡಸರು ತಲೆಗೆ ಕರಿವಸ್ತ್ರ ಕಟ್ಟಿಕೊಂಡು ಎದೆ ಬಡಿದುಕೊಂಡು ಅಳುತ್ತಾರೆ.

"ಅಗಲಿದ ನಮ್ಮ ಸೋದರಿ ಬಾಸು," ಅಂತ ಆ ಸಲ ಮತೂಶ್ ಮೂಗಿನಲ್ಲಿ ರಾಗ ಎಳೆದ, "ಗೇಜಾನ ತೋಳಲ್ಲಿ ಮುತ್ತೈದೆ ಹಾಗೆ ಬಾಳಿದವಳು. ಕೊನೆಗಾಲದಲ್ಲಿ ಪಾಪ, ಸವತಿ ಕೈಗೆ ಸಿಕ್ಕಿಬಿಟ್ಟಳು. ಕಾಯಿಲೆ ಬಂದು ಸತ್ತಳೋ, ಕುತ್ತಿಗೆ ಹಿಸುಕಿಸ್ಕೊಂಡು ಸತ್ತಳೋ, ದೇವರೇ ಬಲ್ಲ."

ಭವನವೆಲ್ಲ ನಕ್ಕಿತು. ಯೊಲಾನಾನೂ ಬಿಡಲಿಲ್ಲ. "ನಿನ್ನ ಬ್ರೆಡ್ಡು ತಿಂದು ಸತ್ತಳು ಅಂತ ಹೇಳು ಮತೂಶ್, ಜನ ನಂಬ್ತಾರೆ."

ಆಮೇಲೆ ತಂತಿ ಸಡಿಲಿಸುವುದು. ಬಾಯಿ ಕಟ್ಟುವುದು ಅಂತಾರೆ ಅದಕ್ಕೆ, ನುಡಿಸುವವರೇ ಮಾಡಬೇಕು. ಯೊಲಾನಾ ಮೊದಲ ಬಿರಡೆ ತಿರುವಿದಳು. ಮೀಸೆ ಹೆಂಗಸರು ಊಳಿಟ್ಟರು. ಎರಡನೆಯದು. ಮತ್ತೆ ಊಳು. ಕೊಲೊಮಾನ್ ಕಮಾನನ್ನು ಕಂಕುಳಲ್ಲಿಟ್ಟುಕೊಂಡು ಅವಳ ಪಕ್ಕದಲ್ಲೇ ನಿಂತಿದ್ದ, ಅವಳ ಕೈಯನ್ನೇ ನೋಡುತ್ತಿದ್ದ. ಅಂದ್ರೇಯ್ ಮಾಮ ದೂರದ ಬೆಂಚಿನಲ್ಲಿ ಸಾಸೇಜು ಕೊಯ್ಯುತ್ತಿದ್ದ. ಅವಳು ಮೂರನೆಯದನ್ನೂ ಸಡಿಲಿಸಿದಳು. ತಂತಿಗಳು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತುಬಿದ್ದವು.

ನಾಲ್ಕು ಜನ ಬಾಸನ್ನು ಹೆಗಲಿಗೆತ್ತಿದಾಗ ಒಳಗೆ ಏನೋ ಟಕ್ ಅಂತ ಬಿದ್ದು ಉರುಳಿತು.

"ಸತ್ತ ಮೇಲೂ ಹಲ್ಲು ಕಡೀತಾಳೆ," ಅಂದ ಮತೂಶ್. ಎಲ್ಲರೂ ಬಿದ್ದು ಬಿದ್ದು ನಕ್ಕರು. ಯೊಲಾನಾನೂ ನಕ್ಕಳು.

ಬಾಸು ಅಗ್ನಿಶಾಮಕರ ಶೆಡ್ಡಿನಲ್ಲಿ ಬೀಗದೊಳಗೆ ಮಲಗಿತು. ಉಪವಾಸದಲ್ಲಿ ಅದನ್ನು ಮುಟ್ಟುವ ಹಾಗಿಲ್ಲ. ಯೊಲಾನಾ ಪೊರಕೆ ಕೋಲಿಗೆ ಸೀಮೆಸುಣ್ಣದ ಗೆರೆ ಹಾಕಿ, ಅದನ್ನು ಹೆಗಲಿಗೆ ಒರಗಿಸಿಕೊಂಡು ಬೆರಳು ಆಡಿಸುತ್ತಿದ್ದಳು. ಬಟಾಣಿ ಬೇಯುವಾಗ ಬಾಯಲ್ಲೇ ದುಂ ದುಂ. ಕಿಟಕಿಯಿಂದ ನೋಡಿದ ಪಕ್ಕದ ಮನೆ ವೆರೋನಾ, "ಗೇಜಾ ಹೋದ್ಮೇಲೆ ಪೊರಕೆ ಜೊತೆ ಸಂಸಾರ ಮಾಡ್ತಿದಾಳೆ," ಅಂತ ಊರೆಲ್ಲ ಹೇಳಿಕೊಂಡು ಬಂದಳು.

ಈಸ್ಟರ್ ಸೋಮವಾರ ಬಂತು. ಬೆಳಗ್ಗೆ ಗಂಡಸರು ಹಬ್ಬದ ಪದ್ಧತಿಯ ಹಾಗೆ ಮನೆಮನೆಗೆ ಹೋಗಿ ಹೆಂಗಸರ ಮೇಲೆ ನೀರೆರಚಿ ಕುಡಿದು ಬಂದಿದ್ದರು. ಮಧ್ಯಾಹ್ನ ಭವನ ತುಂಬಿತ್ತು. ಇಬ್ಬರು ಕಂಬಳಿಯಲ್ಲಿ ಸುತ್ತಿ ಬಾಸನ್ನು ವೇದಿಕೆಗೆ ತಂದಿಟ್ಟರು. ಯೊಲಾನಾ ನೀಲಿ ಲಂಗ ಉಟ್ಟಿದ್ದಳು. ಪಿಕಪ್ ಸಿಕ್ಕಿಸಿ, ತಂತಿ ಬಿಗಿದು, ಕಾಲುಚೀಲ ತುರುಕಿ, ರಾಳ ಹಚ್ಚಿದ ಕಮಾನು ಎಳೆದಳು. ಸ್ವರ ಬಂತು. ಆದರೆ ಅದು ಅವಳ ಅಡುಗೆಮನೆಯ ಸ್ವರವಾಗಿರಲಿಲ್ಲ. ಗಂಟಲು ಕಟ್ಟಿದವರು ದೂರದಿಂದ ಕರೆದ ಹಾಗಿತ್ತು.

"ಭಾವ, ಯಾಕೋ ಡಬ್ಬ ಬಡಿದ ಹಾಗೆ ಕೇಳ್ತಿದೆ."

ಕೊಲೊಮಾನ್ ಪಿಟೀಲು ಗದ್ದಕ್ಕೆ ಒತ್ತಿಕೊಳ್ಳುತ್ತಾ, "ಚಳೀಲಿತ್ತಲ್ಲ. ಆಂಪ್ಲಿಫೈಯರ್ ಜೋರು ಮಾಡು, ಸರಿಹೋಗುತ್ತೆ," ಅಂದ.

ಅವಳು ಜೋರು ಮಾಡಿದಳು. ಮೊದಲ ಕುಣಿತ ಶುರುವಾಯಿತು. ಅವಳ ಬೆರಳು ಎಲ್ಲೂ ತಪ್ಪಲಿಲ್ಲ. ಇದನ್ನು ಅವತ್ತು ಅಲ್ಲಿದ್ದವರು ಯಾರೂ ಅಲ್ಲಗಳೆಯುವುದಿಲ್ಲ. ಜೋಡಿಗಳು ಸುತ್ತತೊಡಗಿದವು, ವೆರೋನಾ ಕೂಡ ಎದ್ದಳು. ಯೊಲಾನಾ ಇನ್ನೂ ಸ್ವಲ್ಪ ಭಾರ ಬಿಟ್ಟಳು. ಕುದುರೆಯ ಒಂದು ಕಾಲು ನಿಧಾನಕ್ಕೆ ಒಳಗೆ ಇಳಿಯುತ್ತಿರುವುದು ಅವಳಿಗೆ ಕಾಣಿಸಿತು, ಕೆಸರಿನಲ್ಲಿ ಹೂತುಹೋಗುವ ಹಾಗೆ. ಇದೇನು ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ಬಾಸಿನ ಎದೆ ಸೀಳಿತು. ಕುದುರೆ ಹಾರಿ ಬಿತ್ತು. ಆ ಸದ್ದನ್ನು ಆಂಪ್ಲಿಫೈಯರ್ ಭವನಕ್ಕೆಲ್ಲ ಕೇಳಿಸಿತು.

ಕುಣಿಯುತ್ತಿದ್ದವರು ನಿಂತು ನೆಲ ನೋಡಿದರು. ಕೊಲೊಮಾನ್ ಮಾತ್ರ ಪಿಟೀಲು ನಿಲ್ಲಿಸಲಿಲ್ಲ. ಗದ್ದ ಎತ್ತಿ ಸನ್ನೆ ಮಾಡಿದ. ಪಾಟ್ರಿಕ್ ಗಿಟಾರು ಹೆಗಲಿಗೆ ಹಾಕಿಕೊಂಡೇ ಕೂತಿದ್ದ. ಎದ್ದು ಬಂದು ಯೊಲಾನಾಳ ವೈರು ಕಿತ್ತು, ಅದೇ ಆಂಪ್ಲಿಫೈಯರಿಗೆ ತನ್ನದನ್ನು ಚುಚ್ಚಿದ. "ಸ್ವಲ್ಪ ಆ ಕಡೆ ಸರೀರಿ ಚಿಕ್ಕಮ್ಮ," ಅಂದ, ಮರ್ಯಾದೆಯಿಂದಲೇ. ಕುಣಿತ ಮುಂದುವರಿಯಿತು.

ಭವನದ ಹಿಂದೆ, ಖಾಲಿ ಬಿಯರ್ ಪೀಪಾಯಿಗಳ ಪಕ್ಕ, ಯೊಲಾನಾ ಬಾಸನ್ನು ಗೋಡೆಗೆ ಒರಗಿಸಿ ನಿಂತಿದ್ದಳು. ಬಿಡುವಿನಲ್ಲಿ ಅಂದ್ರೇಯ್ ಮಾಮ ಬಂದ. ಸೀಳಿನಿಂದ ಕಾಲುಚೀಲ ಹೊರಗೆಳೆದು, ಒಳಗೆ ಟಾರ್ಚು ಬಿಟ್ಟು ತೋರಿಸಿದ. ತಳದಲ್ಲಿ ಒಂದು ಬೆರಳು ದಪ್ಪದ ಕೋಲು ಬಿದ್ದಿತ್ತು.

"ಇದು ಎದೆಗೂ ಬೆನ್ನಿಗೂ ಮಧ್ಯೆ ನಿಂತಿರ್ಬೇಕು," ಅಂದ. "ಮೇಲಿಂದ ಬರೋ ಭಾರ ಇದೇ ತಡ್ಕೊಳ್ಳೋದು. ಅಂಟಿಲ್ಲ, ಮೊಳೆ ಇಲ್ಲ. ತಂತಿ ಬಿಗಿಯಿಂದ್ಲೇ ನಿಂತಿರುತ್ತೆ. ಮೂರನ್ನೂ ಸಡಿಲ ಬಿಟ್ರೆ ಬಿದ್ದುಹೋಗುತ್ತೆ."

"ಹೂಳೋವಾಗ ಮೂರನ್ನೂ ಸಡಿಲ ಮಾಡ್ಬೇಕಲ್ವಾ?"

"ಜನ ನೋಡೋದಕ್ಕೆ ಮೂರು. ಗೇಜಾ ಎರಡೇ ಮಾಡ್ತಿದ್ದ. ಮೂರನೇದಕ್ಕೆ ಬರೀ ಕೈ ತಿರುಗಿಸೋನು, ಅವರಪ್ಪ ಮಾಡ್ತಿದ್ದ ಹಾಗೆ." ಮುದುಕ ಟಾರ್ಚು ಆರಿಸಿದ. "ನಿನಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ ಕಣಮ್ಮ. ಹೆಂಡ್ತಿಗೆ ಹೇಳ್ದೆ ಇರ್ತಾನಾ ಅಂತ."

ಯೊಲಾನಾ ಕಾಲುಚೀಲ ಹಿಂಡಿದಳು. "ನಾನು ನುಡಿಸ್ತೀನಿ ಅಂತ ಅವರ ತಲೆಗೇ ಬಂದಿರಲ್ಲ ಮಾಮ. ಧೂಳು ಒರೆಸೋಳಿಗೆ ಯಾಕೆ ಹೇಳ್ತಾರೆ." ಆಮೇಲೆ ಕೇಳಿದಳು: "ಭಾವನಿಗೆ ಗೊತ್ತಿತ್ತಾ?"

ಮಾಮ ಟೋಪಿ ಸರಿಮಾಡಿಕೊಂಡ. ಅಷ್ಟು ಸಾಕಾಯಿತು.

ಕೊಲೊಮಾನ್ ಸಿಗರೇಟಿಗೆ ಹೊರಗೆ ಬಂದಾಗ ಅವಳು ನೇರ ಎದುರಿಗೆ ಹೋಗಿ ನಿಂತಳು.

"ಮೂರನೇ ಬಿರಡೆ ತಿರುಗಿಸೋವಾಗ ನೀವು ನನ್ನ ಕೈ ನೋಡ್ತಿದ್ರಿ."

"ನೋಡ್ತಿದ್ದೆ."

"ಒಂದ್ ಮಾತು ಹೇಳ್ಬೋದಿತ್ತು."

"ಅಷ್ಟ್ ಜನದ ಮುಂದೆ ನಿನಗೆ ಪಾಠ ಹೇಳ್ಬೇಕಿತ್ತಾ?" ಅವನು ಬೂದಿ ಕೊಡವಿದ. "ಬಾಸಿನವಳು ನೀನು. ನಿನಗೆ ಗೊತ್ತಿರ್ಬೇಕು."

"ಇವತ್ತು ಜೋರು ಮಾಡು ಅಂದ್ರಲ್ಲ, ಅದು?"

ಅವನು ಸಿಗರೇಟು ಹೊಸಕಿದ. "ಆಂಪ್ಲಿಫೈಯರ್ ಇವತ್ತು ಇಲ್ಲೇ ಇರ್ಲಿ. ನಾಳೆ ಪಾಟ್ರಿಕ್ ಮನೆಗೆ ತಂದ್ಕೊಡ್ತಾನೆ," ಅಂದು ಒಳಗೆ ಹೋದ. ಪಾಟ್ರಿಕ್ ತಂದುಕೊಡಲಿಲ್ಲ, ಯೊಲಾನಾ ಕೇಳಲೂ ಇಲ್ಲ.

ಬೇಸಿಗೆಯಲ್ಲಿ ಅವಳು ಒಡೆದ ಎದೆಯ ಬಿರುಕಿಗೆ ಮೂಳೆ ಅಂಟು ಹಾಕಿ, ಒಳಗಿನಿಂದ ಮರದ ತುಂಡುಗಳ ತೇಪೆ ಕೊಟ್ಟಳು. ಚಮಚದ ಹಿಡಿ ಬಗ್ಗಿಸಿ ಕೊಕ್ಕೆ ಮಾಡಿ, ಹೊಟ್ಟೆಯ ಸೀಳಿನೊಳಗೆ ತೂರಿಸಿ, ಬೈದುಕೊಂಡು, ಬೀಳಿಸಿ, ಮತ್ತೆ ಎತ್ತಿ, ಆ ಕೋಲನ್ನು ನಿಲ್ಲಿಸಿದಳು. ಸ್ವರ ತಿರುಗಿ ಬಂತು. ಸ್ವಲ್ಪ ಗೊಗ್ಗರು, ಆದರೆ ಬೀರುವಿನ ಲೋಟಗಳು ಗುರುತು ಹಿಡಿದವು. ಮೇಳದಿಂದ ಯಾರೂ ಕರೆಯಲಿಲ್ಲ. ಪಾಟ್ರಿಕ್ ಚೆನ್ನಾಗಿಯೇ ನುಡಿಸುತ್ತಿದ್ದ. ಹಿಂದಿನ ಬೆಂಚಿಗೂ ಕೇಳುತ್ತಿತ್ತು.

ಮರುವರ್ಷ ಉಪವಾಸಕ್ಕೆ ಮುಂಚೆ ಮತೂಶ್ ಬಾಗಿಲಿಗೆ ಬಂದ. ಕೈಯಲ್ಲಿ ಎಣ್ಣೆಯಲ್ಲಿ ಕರಿದ ಸಿಹಿ ಉಂಡೆಗಳ ತಟ್ಟೆ.

"ಯೊಲಾನಕ್ಕ, ನಾಳೆಗೆ ಬಾಸು ಕೊಡು. ಗಿಟಾರ್ ಮಲಗ್ಸಿ ಅತ್ರೆ ಜನ ನಗಲ್ಲ."

"ಇವಳನ್ನ ಹೋದ ವರ್ಷಾನೇ ಹೂಳಿದ್ರಲ್ಲಪ್ಪ. ಒಂದೇ ಹೆಣಾನ ಎಷ್ಟ್ ಸಲ ಹೂಳ್ತೀರಾ?"

"ಸಂಪ್ರದಾಯ ಅಲ್ವಾ ಅಕ್ಕ. ಕೊಲೊಮಾನ್ ಅಣ್ಣಾನೇ ಕಳ್ಸಿದಾರೆ."

"ಹಾಗಾದ್ರೆ ತಟ್ಟೇನೂ ವಾಪಸ್ ತಗೊಂಡ್ ಹೋಗು."

ಅವರು ಇಸ್ತ್ರಿ ಮಾಡುವ ಹಲಗೆಯನ್ನು ಹೊದಿಕೆಯಲ್ಲಿ ಸುತ್ತಿ ಹೂಳಿದರು. ಜನ ನಕ್ಕರಂತೆ, ಹೋದ ವರ್ಷಕ್ಕಿಂತ ಜಾಸ್ತಿಯೇ.

ಮಾರನೆಯ ದಿನ, ಬುಧವಾರ, ಉಪವಾಸದ ಮೊದಲ ದಿನದ ಪದ್ಧತಿಯಂತೆ ಹಣೆಗೆ ಬೂದಿ ಹಚ್ಚಿಸಿಕೊಂಡು ಚರ್ಚಿನಿಂದ ಬರುತ್ತಿದ್ದವರಿಗೆ ಯೊಲಾನಾಳ ಮನೆಯಿಂದ ಬಾಸು ಕೇಳಿಸಿತು. ನಮ್ಮೂರಲ್ಲಿ ಉಪವಾಸದಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ. ವೆರೋನಾ ಕಿಟಕಿ ಮುಚ್ಚಿಕೊಂಡಳು, ಯೊಲಾನಾಳ ಹತ್ತಿರ ಮೊಟ್ಟೆ ಕೊಳ್ಳುವುದನ್ನೂ ಬಿಟ್ಟಳು. ಅವಳನ್ನು ನೋಡಿ ಉಳಿದವರೂ ಬಿಟ್ಟರು. ಅಂದ್ರೇಯ್ ಮಾಮ ಗೇಟಿನವರೆಗೆ ಬಂದ, ವಿಯೋಲಾ ತಂದಿರಲಿಲ್ಲ. "ಈಸ್ಟರ್ ಆದ್ಮೇಲೆ ಬರ್ತೀನಿ ಕಣಮ್ಮ, ಈಗ ನುಡಿಸಿದ್ರೆ ಪಾಪ," ಅಂತ ಅಲ್ಲಿಂದಲೇ ಹೇಳಿ ಹೊರಟುಹೋದ.

ಬಾಸು ಒಂಟಿಯಾಗಿ ನುಡಿಸುವ ವಾದ್ಯವಲ್ಲ. ಯೊಲಾನಾ ದುಂ ಅನ್ನುತ್ತಾಳೆ, ಕಮಾನು ಎತ್ತಿ, ವಿಯೋಲಾದ ಜಾಗವನ್ನು ಹಾಗೇ ಖಾಲಿ ಬಿಡುತ್ತಾಳೆ, ಮತ್ತೆ ದುಂ ಅನ್ನುತ್ತಾಳೆ. ದಾರಿಯಲ್ಲಿ ಹೋಗುವವರ ಕಾಲು ತಮಗೆ ಗೊತ್ತಿಲ್ಲದೆ ಆ ಲೆಕ್ಕಕ್ಕೆ ಬೀಳುತ್ತದೆ. ಗೊತ್ತಾದ ಕೂಡಲೇ ಬೇಗ ಬೇಗ ನಡೆದುಬಿಡುತ್ತಾರೆ.